‘ನಿನ್ನಿ ನೋಡೇನ್ರೀ’ ಅಂದವರು ಯಾರೂ ಸುಳ್ಳು ಹೇಳಿರಲಿಲ್ಲ

ಗೇಟಿಗೆ ಒಂದು ಬಟ್ಟೆ ಚೀಲ ತೂಗುಬಿದ್ದಿತ್ತು. ಒಳಗೆ ಅರ್ಧ ಲೀಟರಿನ ಮೂರು ಹಾಲಿನ ಪಾಕೀಟು. ಮೇ ತಿಂಗಳ ಧಾರವಾಡದ ಬಿಸಿಲು, ಕೇಳಬೇಕೇ? ತಳದಲ್ಲಿದ್ದ ಪಾಕೀಟು ದಿಂಬಿನ ಹಾಗೆ ಉಬ್ಬಿತ್ತು. ಇನ್ನೊಂದರ ಮೂಲೆಯನ್ನು ಬೆಕ್ಕು ಹರಿದಿತ್ತು. ಚೀಲದಿಂದ ಸೋರಿದ ಹಾಲು ಕಲ್ಲಿನ ಮೇಲೆ ಹಳದಿಯಾಗಿ ಒಣಗಿತ್ತು, ಅದರ ಸುತ್ತ ಇರುವೆಗಳ ಜಾತ್ರೆ.

ಅದು ನಮ್ಮ ಓಣಿಯ ಅಕ್ಕೋರ ಮನೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅಂತಲೇ ಕರೆಯೋದು, ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ಆ ಹೆಸರು ಹೋಗುವುದಿಲ್ಲ. 78 ವರ್ಷ. ಯಜಮಾನರು ತೀರಿಕೊಂಡು ಬಹಳ ದಿನವಾಗಿತ್ತು. ಮಗ ಪುಣೆಯಲ್ಲಿ. ಅವನು ಶುಕ್ರವಾರ ಮುಂಜಾನೆ ಎದುರುಮನೆಗೆ ಫೋನ್ ಮಾಡಿ, ‘ಎರಡ ದಿನಾ ಆತ್ರೀ ಅವ್ವ ಫೋನ್ ಎತ್ತವಲ್ಲಳು, ಒಂಚೂರು ನೋಡ್ರಿ’ ಅಂದಾಗಲೇ ನಮಗೆಲ್ಲ ಎಚ್ಚರವಾಗಿದ್ದು. ಬಾಗಿಲಿಗೆ ಹೊರಗಿನಿಂದ ಕೀಲಿ ಬಿದ್ದಿತ್ತು.

ಹತ್ತು ನಿಮಿಷದಲ್ಲಿ ಓಣಿ ತುಂಬ ಮಂದಿ. ಎದುರುಮನೆ ವೈನಿ ಹೇಳಿದರು, ‘ನಿನ್ನಿ ಮುಂಜಾನಿ ಕಟ್ಟಿ ಮ್ಯಾಲ ಕುಂತು ಮೆಂತ್ಯಾ ಪಲ್ಲೆ ಸೋಸಾಕತ್ತಿದ್ರು, ನಾನ ನೋಡೇನ್ರೀ.’ ಇಸ್ತ್ರಿ ಅಂಗಡಿಯವನು ಬುಧವಾರ ಸಂಜೆ ಅಕ್ಕೋರು ಗುಡಿಯಿಂದ ಬರುವುದನ್ನು ಕಂಡಿದ್ದನಂತೆ. ನಾನೇನು ಕಡಿಮೆಯೇ? ಬುಧವಾರ ಬೆಳಿಗ್ಗೆ ನಾನು ಗಾಡಿ ಹೊರಗೆ ತೆಗೆಯುವಾಗ ಅವರು ‘ಚಹಾ ಆತೇನ?’ ಅಂತ ಕೇಳಿದ್ದು ನನಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಪೊಲೀಸಿನವರ ಮುಂದೆ ಹಾಗೇ ಹೇಳಿದೆ.

ಬಂದ ಪೊಲೀಸಪ್ಪ ಹಿರಿಯ ಮನುಷ್ಯ. ನಮ್ಮ ಮಾತನ್ನೆಲ್ಲ ಬರೆದುಕೊಂಡ. ಆಮೇಲೆ ಮೂಗು ಮುಚ್ಚಿಕೊಂಡು ಚೀಲದಲ್ಲಿ ಕೈಹಾಕಿ, ಪಾಕೀಟುಗಳ ಮೇಲಿನ ತಾರೀಖು ಒಂದೊಂದಾಗಿ ಓದಿದ. ಬುಧವಾರದ ಹಾಲು ತೆಗೆದುಕೊಂಡಿರಲಿಲ್ಲ. ಅಂದರೆ ಬುಧವಾರ ಬೆಳಿಗ್ಗೆ ಐದೂವರೆಗೇ ಅಕ್ಕೋರು ಮನೆಯಲ್ಲಿರಲಿಲ್ಲ. ಕಿರಾಣಿ ಅಂಗಡಿಯ ಕ್ಯಾಮೆರಾ ನೋಡಿದರೆ ಮಂಗಳವಾರ ಹತ್ತೂ ನಲವತ್ತಕ್ಕೆ ಅವರು ಛತ್ರಿ, ಕೈಚೀಲ ಹಿಡಿದು ಮೇನ್ ರೋಡಿನ ಕಡೆ ಆರಾಮಾಗಿ ನಡೆದುಹೋಗಿದ್ದರು. ವಾಪಸು ಬಂದದ್ದು ಎಲ್ಲೂ ಇಲ್ಲ.

ಹಾಗಾದರೆ ನಾವು ಮೂರು ಮಂದಿ ನೋಡಿದ್ದು ಯಾರನ್ನು?

ಸುಳ್ಳು ಹೇಳುವ ದರ್ದು ಯಾರಿಗೂ ಇರಲಿಲ್ಲ. ನೆನಪು ಕೆಲಸ ಮಾಡುವ ರೀತಿಯೇ ಹಾಗೆ. 1981ರಲ್ಲಿ ಅಮೆರಿಕದ ಬ್ರೂವರ್ ಮತ್ತು ಟ್ರೇಯೆನ್ಸ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಸರಳ ಪ್ರಯೋಗ ಪ್ರಕಟಿಸಿದರು. ಪ್ರಯೋಗಕ್ಕೆ ಬಂದ ವಿದ್ಯಾರ್ಥಿಗಳನ್ನು ಒಂದು ಆಫೀಸ್ ಕೋಣೆಯಲ್ಲಿ ಸುಮಾರು ಅರ್ಧ ನಿಮಿಷ ಕೂರಿಸಿ, ಹೊರಗೆ ಕರೆದು, ಒಳಗೆ ಏನೇನಿತ್ತು ಅಂತ ಕೇಳಿದರು. ಕುರ್ಚಿ, ಮೇಜು ಎಲ್ಲ ಸರಿಯಾಗಿ ಹೇಳಿದರು. 30 ಜನರಲ್ಲಿ 9 ಜನ ಪುಸ್ತಕಗಳೂ ಇದ್ದವು ಅಂದರು. ಕೋಣೆಯಲ್ಲಿ ಒಂದೇ ಒಂದು ಪುಸ್ತಕ ಇರಲಿಲ್ಲ! ಓದುವವರ ಕೋಣೆ ಅಂದಮೇಲೆ ಪುಸ್ತಕ ಇರಲೇಬೇಕು ಅಂತ ಮಿದುಳು ತಾನೇ ಇಟ್ಟುಬಿಟ್ಟಿತ್ತು.

ಅಕ್ಕೋರು ಕಟ್ಟೆ ಮೇಲೆ ಕೂತು ಪಲ್ಲೆ ಸೋಸುವುದನ್ನು ವೈನಿ ಸಾವಿರ ಸಲ ನೋಡಿದ್ದಾರೆ. ಸಾವಿರ ಸಲ ನೋಡಿದ್ದನ್ನು ಮಿದುಳು ಸಾವಿರ ಫೋಟೋ ಮಾಡಿ ಇಟ್ಟುಕೊಳ್ಳುವುದಿಲ್ಲ, ಅದಕ್ಕೆ ಅಷ್ಟು ಪುರುಸೊತ್ತಿಲ್ಲ. ಎಲ್ಲ ಸೇರಿಸಿ ಒಂದೇ ಚಿತ್ರ ಮಾಡುತ್ತದೆ. ಆ ಚಿತ್ರಕ್ಕೆ ಬಣ್ಣ ಇದೆ, ದನಿ ಇದೆ, ಮೆಂತ್ಯದ ವಾಸನೆ ಕೂಡ ಇದೆ. ತಾರೀಖು ಮಾತ್ರ ಇಲ್ಲ. ‘ಯಾವಾಗ ನೋಡಿದ್ರಿ?’ ಅಂತ ಯಾರಾದರೂ ಕೇಳಿದ ಕೂಡಲೇ ಚಿತ್ರ ಎದ್ದು ಬರುತ್ತದೆ, ನಾವು ಅದರ ಮೇಲೆ ‘ನಿನ್ನಿ’ ಅಂತ ಚೀಟಿ ಅಂಟಿಸುತ್ತೇವೆ.

ಇದರ ಮೇಲೆ ಪ್ರಶ್ನೆಯ ಕೈವಾಡ ಬೇರೆ. ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಕಾರು ಡಿಕ್ಕಿಯ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಅಂತ ಕೇಳಿದಾಗ, ಕಾರುಗಳು ‘ಅಪ್ಪಳಿಸಿದವು’ ಅಂತ ಕೇಳಿಸಿಕೊಂಡವರು ಜಾಸ್ತಿ ವೇಗ ಹೇಳಿದರು, ‘ತಾಗಿದವು’ ಅಂತ ಕೇಳಿಸಿಕೊಂಡವರು ಕಡಿಮೆ ಹೇಳಿದರು. ನಮ್ಮ ಓಣಿಯಲ್ಲಿ ಯಾರೋ ಉತ್ಸಾಹಿ ಮನೆಮನೆಗೆ ಹೋಗಿ ‘ಹಸಿರು ಸೀರಿ ಉಟ್ಟಿದ್ರಲ್ರೀ?’ ಅಂತ ಕೇಳುತ್ತಿದ್ದ. ಸಂಜೆಯ ಹೊತ್ತಿಗೆ ಎಲ್ಲರೂ ಹಸಿರು ಸೀರೆಯ ಅಜ್ಜಿಯನ್ನೇ ನೋಡಿದ್ದರು. ಕ್ಯಾಮೆರಾದಲ್ಲಿದ್ದದ್ದು ಕಂದು ಸೀರೆ.

ಮನೆಯಲ್ಲಿ ಹತ್ತು ಮಂದಿ ಇದ್ದರೆ ‘ಕೊನೆಗೆ ಯಾವಾಗ ನೋಡಿದ್ದು’ ಅನ್ನುವುದು ದೊಡ್ಡ ಪ್ರಶ್ನೆಯಲ್ಲ. ಊಟಕ್ಕೆ ಬರಲಿಲ್ಲ, ಹಾಸಿಗೆ ಖಾಲಿ ಇದೆ, ರಾತ್ರಿಯೇ ಗೊತ್ತಾಗುತ್ತದೆ. ಒಂಟಿಯಾಗಿ ಇರುವವರ ವಿಷಯದಲ್ಲಿ ಹುಡುಕಾಟವೆಲ್ಲ ನಿಂತಿರುವುದೇ ಆ ಪ್ರಶ್ನೆಯ ಮೇಲೆ, ಅದಕ್ಕೆ ಉತ್ತರ ಕೊಡಬೇಕಾದವರು ನಮ್ಮಂಥ ಓಣಿಯವರು. ನಾವು ಎರಡು ದಿನ ತಪ್ಪು ಹೇಳಿದ್ದೆವು. ಎರಡು ದಿನದಲ್ಲಿ ಬಸ್ಸು ಹತ್ತಿದವರು ಎಲ್ಲಿಗೂ ಹೋಗಬಹುದು ಅಲ್ವಾ?

ಇನ್ನೊಂದು ಮಾತು ಹೇಳಿಬಿಡುತ್ತೇನೆ, ಮನಸ್ಸಿಗೆ ಹಗುರವಾಗುತ್ತದೆ. ಗುರುವಾರ ನಾನು ಆ ಚೀಲ ನೋಡಿದ್ದೆ. ಎರಡು ಪಾಕೀಟು ಕಂಡಿದ್ದವು. ಮಗ ಬಂದು ಕರೆದುಕೊಂಡು ಹೋಗಿರಬೇಕು ಅಂದುಕೊಂಡೆ. ವೈನಿಯೂ ನೋಡಿದ್ದರಂತೆ, ನನಗೆ ಗೊತ್ತಿರುತ್ತದೆ ಅಂದುಕೊಂಡರಂತೆ. ಹಾಲಿನ ಹುಡುಗ ಅಕ್ಕೋರು ಊರಿಗೆ ಹೋಗಿರಬೇಕು, ಹೇಳುವುದನ್ನು ಮರೆತಿರಬೇಕು ಅಂದುಕೊಂಡು ಒಂದರ ಮೇಲೊಂದು ಹಾಕಿ ಹೋಗಿದ್ದ. 1968ರಲ್ಲಿ ಡಾರ್ಲಿ ಮತ್ತು ಲಾಟಾನೆ ಮಾಡಿದ ಪ್ರಯೋಗ ನೋಡಿ. ಬೇರೆ ಕೋಣೆಯಲ್ಲಿದ್ದವನಿಗೆ ಫಿಟ್ಸ್ ಬಂದ ಹಾಗೆ ದನಿ ಕೇಳಿಸಿದರು. ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಅಂದುಕೊಂಡವರಲ್ಲಿ 85 ಶೇಕಡಾ ಜನ ದನಿ ನಿಲ್ಲುವುದರೊಳಗೆ ಸಹಾಯಕ್ಕೆ ಎದ್ದರು. ಇನ್ನೂ ನಾಲ್ಕು ಜನ ಕೇಳಿಸಿಕೊಳ್ಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದದ್ದು 31 ಶೇಕಡಾ. ಅವರು ಕಲ್ಲುಮನಸ್ಸಿನವರಲ್ಲ, ಒಳಗೊಳಗೇ ಚಡಪಡಿಸುತ್ತಿದ್ದರಂತೆ. ಇನ್ನೊಬ್ಬರು ಎದ್ದಿರಬೇಕು ಅನ್ನುವ ಒಂದು ಲೆಕ್ಕ, ಅಷ್ಟೇ. ಇಪ್ಪತ್ತು ಮನೆಯ ಓಣಿಯಲ್ಲಿ ಆ ಲೆಕ್ಕ ಎಷ್ಟು ಸಲೀಸಾಗಿ ಕೂಡುತ್ತದೆ ಅಂದರೆ, ಮೂರು ಪಾಕೀಟು ತುಂಬುವವರೆಗೂ ಯಾರೂ ಗೇಟು ತಟ್ಟಲಿಲ್ಲ.

ಶುಕ್ರವಾರ ಮಧ್ಯಾಹ್ನದಿಂದ ಫೋನುಗಳಲ್ಲಿ ಫೋಟೋ ಓಡತೊಡಗಿತು. ಯಾವುದೋ ಮದುವೆಯ ಫೋಟೋ, ಕಡಿಮೆಯೆಂದರೂ ಹದಿನೈದು ವರ್ಷ ಹಳೆಯದು, ರೇಷ್ಮೆ ಸೀರೆ, ತಲೆ ತುಂಬ ಹೂವು, ಕೂದಲು ಇನ್ನೂ ಕಪ್ಪು. ಅದನ್ನು ನೋಡಿ ಈಗಿನ ಅಕ್ಕೋರನ್ನು ಗುರುತಿಸಬೇಕೆಂದರೆ ಮೊದಲೇ ಪರಿಚಯ ಇರಬೇಕು. ಪರಿಚಯವಿಲ್ಲದ ಮುಖ ಗುರುತಿಸುವುದರಲ್ಲಿ ಮನುಷ್ಯರು ಎಷ್ಟು ದಡ್ಡರು ಅನ್ನುವುದು ನಮಗೆ ಗೊತ್ತಿಲ್ಲ. ಬ್ರಿಟನ್ನಿನಲ್ಲಿ 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಂದು ಮುಖ ತೋರಿಸಿ, ಎದುರಿಗೇ ಹತ್ತು ಫೋಟೋ ಇಟ್ಟು, ಇದರಲ್ಲಿ ಅವರು ಯಾರು ಅಂತ ಕೇಳಿದ್ದರು. ನೆನಪಿಟ್ಟುಕೊಳ್ಳುವ ಕೆಲಸವೇ ಇಲ್ಲ, ಎರಡೂ ಕಣ್ಣೆದುರಿಗೇ ಇವೆ. ಆದರೂ ಸರಾಸರಿ ಹತ್ತರಲ್ಲಿ ಮೂರು ಸಲ ತಪ್ಪಿತು.

ಹಾಗಾಗಿ ಫೋಟೋ ಹೋದ ಕಡೆಯೆಲ್ಲ ಅಕ್ಕೋರು ಕಾಣಿಸಿಕೊಂಡರು. ಉಣಕಲ್ ಕೆರೆ ದಂಡೆಯಲ್ಲಿ, ಸಿದ್ಧಾರೂಢ ಮಠದ ಪ್ರಸಾದದ ಸಾಲಿನಲ್ಲಿ, ಹುಬ್ಬಳ್ಳಿ ಸ್ಟೇಷನ್ನಿನ ದೊಡ್ಡ ಪ್ಲಾಟ್‌ಫಾರ್ಮಿನಲ್ಲಿ. ಆ ಪ್ಲಾಟ್‌ಫಾರ್ಮು 1507 ಮೀಟರ್ ಉದ್ದ. ಓಣಿಯ ಇಬ್ಬರು ಹುಡುಗರು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು, ಕಾಲು ನೋಯಿಸಿಕೊಂಡು ರಾತ್ರಿ ಹನ್ನೊಂದಕ್ಕೆ ಬಂದರು. ಅಷ್ಟರಲ್ಲಿ ‘ಬಂಗಾರದ ಸಲುವಾಗಿ ಯಾರೋ ಏನೋ ಮಾಡ್ಯಾರ’ ಅನ್ನುವ ಸುದ್ದಿ ಬೇರೆ. ಗಾಳಿಸುದ್ದಿಯ ಬಗ್ಗೆ ಆಲ್‌ಪೋರ್ಟ್ ಮತ್ತು ಪೋಸ್ಟ್‌ಮನ್ 1947ರಲ್ಲೇ ಒಂದು ಸೂತ್ರ ಕೊಟ್ಟಿದ್ದರು. ವಿಷಯ ಮುಖ್ಯವಾಗಿರಬೇಕು, ಜೊತೆಗೆ ಮಸುಕಾಗಿಯೂ ಇರಬೇಕು. ಎರಡರಲ್ಲಿ ಒಂದು ಸೊನ್ನೆಯಾದರೂ ಸುದ್ದಿ ಹುಟ್ಟುವುದಿಲ್ಲ. ಕೀಲಿ ಬಿದ್ದ ಮನೆ, ಎಲ್ಲರಿಗೂ ಬೇಕಾದ ಮುದುಕಿ, ಎರಡೂ ಭರ್ತಿ ಇದ್ದವು.

ನನಗೆ ನಿಜವಾಗಿ ಹೆದರಿಕೆ ಆಗಿದ್ದು ಬೇರೆ ಕಾರಣಕ್ಕೆ. 2018ರಲ್ಲಿ ಮಕ್ಕಳ ಕಳ್ಳರ ಗಾಳಿಸುದ್ದಿ ಹಬ್ಬಿದಾಗ ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವ ಕಾರಣಕ್ಕೆ ಒಬ್ಬ ವಯಸ್ಸಾದ ಹೆಣ್ಣುಮಗಳನ್ನು ಹೊಡೆದು ಕೊಂದರು. ನಮ್ಮ ಬೀದರ್ ಜಿಲ್ಲೆಯಲ್ಲೂ ಒಬ್ಬ ತರುಣ ಹೀಗೇ ಸತ್ತ. ದಾರಿ ತಪ್ಪಿದ ಮುದುಕಿ ಪರ ಊರಿನ ಮಕ್ಕಳನ್ನು ಮಾತಾಡಿಸುತ್ತಾಳೆ, ಹೆಸರು ಕೇಳಿದರೆ ತಡವರಿಸುತ್ತಾಳೆ. ಆಗ ಸುತ್ತ ನಿಂತವರ ಫೋನಿನಲ್ಲಿ ಏನು ಓಡುತ್ತಿದೆ ಅನ್ನುವುದರ ಮೇಲೆ ಅವಳ ಜೀವ ನಿಂತಿರುತ್ತದೆ.

ಅಕ್ಕೋರು ಶನಿವಾರ ಮಧ್ಯಾಹ್ನ ಸಿಕ್ಕರು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ, ಅವರು ಮೊದಲ ಸಲ ನೌಕರಿ ಮಾಡಿದ ಊರಿನಲ್ಲಿ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಕಂಡಕ್ಟರನಿಗೆ ಆಧಾರ್ ಕಾರ್ಡ್ ತೋರಿಸಿ, ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತೆಗೆದುಕೊಂಡು ಹೋಗಿದ್ದರು. ಟಿಕೆಟ್ ಚೀಲದಲ್ಲೇ ಇತ್ತು. ಎಲ್ಲೂ ತಪ್ಪಿಲ್ಲ! ಇಂಥವರನ್ನು ನೋಡಿ ಯಾರಿಗಾದರೂ ಏನಾದರೂ ಆಗಿದೆ ಅಂತ ಹೇಗೆ ಅನ್ನಿಸಬೇಕು?

ಮಿದುಳಿನಲ್ಲಿ ದಾರಿಯ ನಕ್ಷೆ ಇರುವ ಜಾಗ ಈಗ ಚೆನ್ನಾಗಿ ಗೊತ್ತಾಗಿದೆ. ವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಇಲಿಯ ಮಿದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ, ‘ನಾನು ಈ ಮೂಲೆಯಲ್ಲಿದ್ದೇನೆ’ ಅಂತ ಹೇಳುವ ಕೋಶಗಳನ್ನು ಕಂಡರು. ನಾರ್ವೆಯ ಮೋಸರ್ ದಂಪತಿ 2005ರಲ್ಲಿ ಪಕ್ಕದ ಎಂಟೊರೈನಲ್ ಕಾರ್ಟೆಕ್ಸ್‌ನಲ್ಲಿ ದೂರ ಮತ್ತು ದಿಕ್ಕು ಅಳೆಯಲು ನೆರವಾಗುವ ಕೋಶಗಳನ್ನು ತೋರಿಸಿದರು. 2014ರಲ್ಲಿ ಮೂವರಿಗೂ ನೊಬೆಲ್ ಬಂತು. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆ ಮಿದುಳಿನಲ್ಲಿ ಬಹಳ ಬೇಗ ಕೈಯಿಡುವ ಜಾಗಗಳಲ್ಲಿ ಈ ಎಂಟೊರೈನಲ್ ಕಾರ್ಟೆಕ್ಸ್ ಒಂದು. ಮಾತು ಸರಿ ಇರುತ್ತದೆ, ಬಸ್ಸು ಹತ್ತುವ ಅಭ್ಯಾಸ ಸರಿ ಇರುತ್ತದೆ. ದಾರಿ ಮತ್ತು ಇತ್ತೀಚಿನ ನೆನಪು ಮೊದಲು ಸಡಿಲವಾಗುತ್ತವೆ. ಹೊಸ ನೆನಪು ಮೊದಲು ಹೋಗುತ್ತದೆ, ಹಳೆಯದು ಉಳಿಯುತ್ತದೆ ಅಂತ ಫ್ರಾನ್ಸಿನ ಮನೋವಿಜ್ಞಾನಿ ರಿಬೋ 19ನೇ ಶತಮಾನದಲ್ಲೇ ಬರೆದಿಟ್ಟಿದ್ದ. ಮಂಗಳವಾರ ಅಕ್ಕೋರು ಮನೆ ಬಿಟ್ಟು ಹೋದರು ಅಂತ ನಾವು ತಿಳಿದಿದ್ದೆವು. ಅವರ ಲೆಕ್ಕದಲ್ಲಿ ಅವರು ಶಾಲೆಗೆ ಹೊರಟಿದ್ದರು, ಅದೂ ತಡವಾಗಿ.

ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ಒಂದು ವೃದ್ಧಾಶ್ರಮದವರು ಇದನ್ನು ಅರ್ಥಮಾಡಿಕೊಂಡು ಬಾಗಿಲ ಹೊರಗೆ ಒಂದು ಸುಳ್ಳು ಬಸ್ ಸ್ಟಾಪ್ ಕಟ್ಟಿದರು. ಬಸ್ಸು ಬರುವುದೇ ಇಲ್ಲ. ‘ಮನೆಗೆ ಹೋಗಬೇಕು’ ಅಂತ ಹೊರಟ ಅಜ್ಜ ಅಜ್ಜಿಯರು ಅಲ್ಲಿ ಕೂರುತ್ತಾರೆ, ಸ್ವಲ್ಪ ಹೊತ್ತಿಗೆ ಯಾರೋ ಬಂದು ಕಾಫಿಗೆ ಕರೆಯುತ್ತಾರೆ. ಮೋಸವೇ ಸರಿ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ದಾರಿ ತಪ್ಪಿದವರೆಲ್ಲ ಅಕ್ಕೋರಷ್ಟು ದೂರ ಹೋಗುವುದಿಲ್ಲ. ಬೇರೆ ದೇಶಗಳ ಹುಡುಕಾಟದ ದಾಖಲೆ ನೋಡಿದರೆ, ಮರೆವಿನ ಕಾಯಿಲೆಯಿಂದ ದಾರಿ ತಪ್ಪಿದವರಲ್ಲಿ ಸುಮಾರು ಅರ್ಧದಷ್ಟು ಜನ ಕೊನೆಗೆ ಕಂಡ ಜಾಗದಿಂದ ಒಂದೂವರೆ ಕಿಲೋಮೀಟರಿನ ಒಳಗೇ ಸಿಗುತ್ತಾರೆ. ನಡೆಯುತ್ತಾ ಹೋಗಿ ಬೇಲಿಗೋ ಪೊದೆಗೋ ಸಿಕ್ಕಿಕೊಂಡು ಅಲ್ಲೇ ಕೂತುಬಿಡುತ್ತಾರೆ. ಹೆಸರು ಹಿಡಿದು ಕೂಗಿದರೂ ಓಗೊಡದೇ ಇರಬಹುದು. ಅದಕ್ಕೇ ಮೊದಲು ಹಿತ್ತಲು, ಮಾಳಿಗೆ, ಬಾವಿ, ಪಕ್ಕದ ಖಾಲಿ ಸೈಟು ನೋಡಬೇಕು, ಆಮೇಲೆ ರೈಲ್ವೆ ಸ್ಟೇಷನ್. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಮೇ ತಿಂಗಳಲ್ಲಿ ಒಂದೊಂದು ತಾಸೂ ಲೆಕ್ಕಕ್ಕೆ ಬರುತ್ತದೆ. ಪೊಲೀಸರಿಗೆ ಹೇಳಲು 24 ತಾಸು ಕಾಯಬೇಕು ಅನ್ನುವುದು ಬರೀ ಸಿನಿಮಾ ಮಾತು, ಅಂಥ ಕಾನೂನಿಲ್ಲ. ಕೂಡಲೇ 112ಕ್ಕೆ ಫೋನ್ ಮಾಡಬಹುದು. ಹಿರಿಯರ ಸಹಾಯವಾಣಿ 14567 ಕೂಡ ಇದೆ.

ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಮರೆವಿನ ಕಾಯಿಲೆ ಇರುವವರು ಸುಮಾರು 88 ಲಕ್ಷ ಅಂತ 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಜಪಾನಿನಲ್ಲಿ 2023ರ ಒಂದೇ ವರ್ಷ ಈ ಕಾಯಿಲೆಯವರು ಕಾಣೆಯಾದ 19,039 ದೂರು ಪೊಲೀಸರಿಗೆ ಬಂದವು. ಅಲ್ಲಿನ ಓಮುತಾ ಎಂಬ ಊರಿನಲ್ಲಿ 2004ರಿಂದ ವರ್ಷಕ್ಕೊಮ್ಮೆ ಅಣಕು ಹುಡುಕಾಟ ನಡೆಸುತ್ತಾ ಬಂದಿದ್ದಾರೆ. ಒಬ್ಬರು ದಾರಿ ತಪ್ಪಿದವರ ಹಾಗೆ ನಟಿಸುತ್ತಾ ಊರಲ್ಲಿ ಸುತ್ತುತ್ತಾರೆ. ಊರವರು ಅವರನ್ನು ಗುರುತಿಸಿ, ಹತ್ತಿರ ಹೋಗಿ, ಹೆದರಿಸದೇ ಮಾತಾಡಿಸುವುದನ್ನು ಕಲಿಯಬೇಕು. ಶಾಲೆಯ ಮಕ್ಕಳೂ ಸೇರುತ್ತಾರೆ. ಇರುಮಾ ಎಂಬ ಇನ್ನೊಂದು ಊರಿನಲ್ಲಿ 2016ರಲ್ಲಿ ಉಗುರಿಗೇ ಅಂಟಿಸುವ ಚಿಕ್ಕ ಕ್ಯೂಆರ್ ಕೋಡ್ ಚೀಟಿ ತಂದರು. ಬಟ್ಟೆ ಬದಲಾಗಬಹುದು, ಚೀಲ ಕಳೆಯಬಹುದು, ಉಗುರು ಎಲ್ಲಿಗೆ ಹೋಗುತ್ತದೆ?

ಉಗುರು ಅಂದಾಗ ನೆನಪಾಯಿತು. ಅಕ್ಕೋರು ಆ ಹಳ್ಳಿಯಲ್ಲಿ ನಾಲ್ಕು ದಿನ ಶಾಲೆಯ ಕಟ್ಟೆ ಮೇಲೇ ಇದ್ದರು. ಬೇಸಿಗೆ ಸೂಟಿ, ಶಾಲೆ ಬಂದ್. ಪಕ್ಕದ ಮಠದಿಂದ ಊಟ ಕಳಿಸುತ್ತಿದ್ದರು, ಯಾರೋ ಜಾತ್ರೆಗೆ ಬಂದು ಉಳಿದ ಅಜ್ಜಿ ಅಂತ ಜನ ತಿಳಿದಿದ್ದರು. ಫೋಟೋ ಆ ಊರಿನ ಫೋನುಗಳಿಗೂ ಹೋಗಿತ್ತು. ಯಾರಿಗೂ ಹೊಂದಿಕೆಯಾಗಲಿಲ್ಲ. ಶನಿವಾರ ಅವರು ಅಲ್ಲಿ ಗೋಲಿ ಆಡುತ್ತಿದ್ದ ಹುಡುಗನನ್ನು ಕರೆದು ‘ಎಲ್ಲಿ, ಉಗುರು ತೋರಸು’ ಅಂದರಂತೆ. ಹಾದುಹೋಗುತ್ತಿದ್ದ, ಅರವತ್ತರ ಹತ್ತಿರದ ಒಬ್ಬರು ನಿಂತೇ ಬಿಟ್ಟರು. ‘ನಮ್ಮ ಅಕ್ಕೋರ ಅಲ್ಲೇನ್ರೀ ಇವ್ರು?’

ಬಾರಿಕ್ ಮತ್ತು ಜೊತೆಯವರು 1975ರಲ್ಲಿ 392 ಜನರನ್ನು ಪರೀಕ್ಷಿಸಿ, ಶಾಲೆ ಬಿಟ್ಟು ಸುಮಾರು 35 ವರ್ಷವಾದರೂ ಸಹಪಾಠಿಗಳ ಆಗಿನ ಫೋಟೋಗಳನ್ನು ಹತ್ತರಲ್ಲಿ ಒಂಬತ್ತರಷ್ಟು ಸರಿಯಾಗಿ ಗುರುತಿಸುತ್ತಾರೆ ಅಂತ ತೋರಿಸಿದ್ದರು. ಅದು ಮುಖದ ಲೆಕ್ಕ. ‘ಉಗುರು ತೋರಸು’ ಅನ್ನುವ ದನಿ ಎಷ್ಟು ವರ್ಷ ಉಳಿಯುತ್ತದೆ ಅಂತ ಅವರು ಕೇಳಿರಲಿಲ್ಲ.

ಈಗ ಅಕ್ಕೋರ ಜೊತೆ ಒಬ್ಬ ಹೆಣ್ಣುಮಗಳು ಇರುತ್ತಾಳೆ. ಹಾಲಿನ ಹುಡುಗ ಚೀಲದಲ್ಲಿ ಹಾಕುವುದನ್ನು ಬಿಟ್ಟು ಗಂಟೆ ಒತ್ತಿ ಕೈಗೇ ಕೊಡುತ್ತಾನೆ, ಬಾಗಿಲು ತೆಗೆಯದಿದ್ದರೆ ನನ್ನ ಗಂಟೆ ಒತ್ತುತ್ತಾನೆ, ಬೆಳಿಗ್ಗೆ ಐದೂವರೆಗೆ. ಮೊನ್ನೆ ವೈನಿಗೆ ಪಾಕೀಟಿನ ತಾರೀಖು, ಕ್ಯಾಮೆರಾ, ಪುಸ್ತಕವಿಲ್ಲದ ಕೋಣೆ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ, ‘ನೀ ಏನರ ಅನ್ನಪಾ, ಗುರುವಾರ ಮುಂಜಾನಿ ನಾ ನೋಡೇನಿ’ ಅಂದರು. ನನಗೂ ಹಾಗೇ. ಬುಧವಾರದ ಆ ‘ಚಹಾ ಆತೇನ’ ಇವತ್ತಿಗೂ ಕಿವಿಯಲ್ಲೇ ಇದೆ.