ಆ್ಯಪ್ ತೆಗೆದರೂ ತಿಂಗಳು ತಿಂಗಳು ದುಡ್ಡು ಕಟ್ ಆಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ‘ಒಂದು ರೂಪಾಯಿಗೆ ಟ್ರಯಲ್’ ಎಂಬ ಜಾಹೀರಾತು ನೋಡಿ ಅಪ್ಪ ಫೋನಿಗೆ ಒಂದು ಆ್ಯಪ್ ಹಾಕಿಕೊಂಡಿದ್ದರು. ಇಷ್ಟವಾಗಲಿಲ್ಲ, ತೆಗೆದುಬಿಟ್ಟರು. ಆದರೂ ಪ್ರತಿ ತಿಂಗಳು ಖಾತೆಯಿಂದ 299 ರೂಪಾಯಿ ಹೋಗುತ್ತಿದೆ. ಎಟಿಎಂ ಕಾರ್ಡ್ ಬ್ಲಾಕ್ ಮಾಡಿಸಿದರೂ ನಿಂತಿಲ್ಲ. ಅಕೌಂಟನ್ನೇ ಕ್ಲೋಸ್ ಮಾಡಿಸಬೇಕೇ?

ಉತ್ತರ: ಅಷ್ಟು ದೂರ ಹೋಗಬೇಡಿ. ಅಪ್ಪನ ಪಿಂಚಣಿಯೋ ಗ್ಯಾಸ್ ಸಬ್ಸಿಡಿಯೋ ಅದೇ ಖಾತೆಗೆ ಬರುತ್ತಿದ್ದರೆ ಅದನ್ನೆಲ್ಲ ಬದಲಿಸುವ ಓಡಾಟವೇ ದುಬಾರಿಯಾದೀತು.

ಅಂದು ಆ ಒಂದು ರೂಪಾಯಿ ಕಟ್ಟುವಾಗ ಬಂದ ಪರದೆಯನ್ನು ನೆನಪಿಸಿಕೊಳ್ಳಲು ಹೇಳಿ. ಮೇಲೆ ದೊಡ್ಡದಾಗಿ ₹1. ಕೆಳಗೆ ಸಣ್ಣಕ್ಷರದಲ್ಲಿ ಇಂತಿಷ್ಟು ರೂಪಾಯಿಯವರೆಗೆ, ತಿಂಗಳಿಗೊಮ್ಮೆ, ಇಂಥ ತಾರೀಖಿನವರೆಗೆ ಎಂದಿರುತ್ತದೆ. ಆ ತಾರೀಖು ಎಷ್ಟೋ ವರ್ಷ ಮುಂದಿನದು. ಯುಪಿಐ ಪಿನ್ ಒತ್ತಿದ್ದು ಒಂದು ರೂಪಾಯಿಗೆ ಮಾತ್ರವಲ್ಲ, ಆ ಸಣ್ಣಕ್ಷರಕ್ಕೂ ಸೇರಿಸಿ. ಹೀಗೆ ಕೊಟ್ಟ ಅನುಮತಿಯೇ ಮ್ಯಾಂಡೇಟ್ ಅಥವಾ ಆಟೋಪೇ. ಅದು ದಾಖಲಾಗಿರುವುದು ಬ್ಯಾಂಕ್ ಖಾತೆಯ ಮೇಲೆ. ಹಾಗಾಗಿ ಆ್ಯಪ್ ತೆಗೆದರೆ ಅದಕ್ಕೆ ಏನೂ ಆಗುವುದಿಲ್ಲ. ಯುಪಿಐನಲ್ಲಿ ಕೊಟ್ಟ ಮ್ಯಾಂಡೇಟಿಗೂ ಎಟಿಎಂ ಕಾರ್ಡಿಗೂ ಸಂಬಂಧವೇ ಇಲ್ಲ, ಕಾರ್ಡ್ ಬ್ಲಾಕ್ ಮಾಡಿಸಿದ್ದು ವ್ಯರ್ಥವಾದದ್ದು ಅದಕ್ಕೇ.

ಅಂದು ಯಾವ ಯುಪಿಐ ಆ್ಯಪ್‌ನಿಂದ ಕಟ್ಟಿದರೋ ಅದನ್ನೇ ತೆರೆಯಿರಿ. ಫೋನ್‌ಪೇ, ಗೂಗಲ್ ಪೇ ಎರಡರಲ್ಲೂ ಮೂಲೆಯಲ್ಲಿರುವ ಪ್ರೊಫೈಲ್ ಚಿತ್ರ ಒತ್ತಿದರೆ ‘ಆಟೋಪೇ’ ಎಂಬ ವಿಭಾಗ ಸಿಗುತ್ತದೆ. ಚಾಲ್ತಿಯಲ್ಲಿರುವ ಮ್ಯಾಂಡೇಟ್‌ಗಳೆಲ್ಲ ಅಲ್ಲಿರುತ್ತವೆ. ಆ್ಯಪ್ ಹೆಸರು ಕಾಣದಿದ್ದರೆ ಗಾಬರಿಯಾಗಬೇಡಿ, ಅದನ್ನು ನಡೆಸುವ ಕಂಪನಿಯ ಹೆಸರಿರಬಹುದು. ಮೊತ್ತ ನೋಡಿ ಗುರುತಿಸಿ. ‘ಪಾಜ್’ (Pause) ಒತ್ತಿದರೆ ತಾತ್ಕಾಲಿಕವಾಗಿ ನಿಲ್ಲುತ್ತದೆ ಅಷ್ಟೆ. ನಿಮಗೆ ಬೇಕಾದದ್ದು ‘ಕ್ಯಾನ್ಸಲ್’ ಅಥವಾ ‘ರಿವೋಕ್’. ಪಿನ್ ಕೇಳುತ್ತದೆ, ಕೊಡಿ. ರದ್ದಾದ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಇಷ್ಟಾದರೆ ಹಣ ಹೋಗುವುದು ನಿಂತಿತು, ಸದಸ್ಯತ್ವ ಇನ್ನೂ ಇದೆ. ಅದನ್ನು ಆಯಾ ಕಂಪನಿಯ ಆ್ಯಪ್‌ನಲ್ಲಿ, ಇಲ್ಲವೇ ಪ್ಲೇ ಸ್ಟೋರ್ ಮೂಲಕ ಸೇರಿದ್ದರೆ ಅಲ್ಲಿನ ‘ಸಬ್‌ಸ್ಕ್ರಿಪ್ಷನ್ಸ್’ನಲ್ಲಿ ಬೇರೆಯಾಗಿ ರದ್ದು ಮಾಡಬೇಕು. ವರ್ಷದ ಕರಾರು ಮಾಡಿಕೊಂಡ ಜಿಮ್‌ನಂಥ ಕಡೆ ಇದನ್ನು ಮರೆತರೆ ‘ಬಾಕಿ ಇದೆ’ ಎಂಬ ಫೋನ್ ಕರೆಗಳು ಶುರುವಾಗುತ್ತವೆ. ಕಾರ್ಡಿನ ಮೇಲೆ ಕೊಟ್ಟ ಅನುಮತಿಯನ್ನು ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ರದ್ದು ಮಾಡಿಸಬೇಕು. ಪಾಸ್‌ಬುಕ್‌ನಲ್ಲಿ ‘ಎಸಿಎಚ್’ (ACH) ಅಥವಾ ‘ಎನ್‌ಎಸಿಎಚ್’ (NACH) ಎಂದಿದ್ದರೆ, ಅದು ಬ್ಯಾಂಕ್ ಮೂಲಕವೇ ಕಂತು ತಾನಾಗಿ ಕಡಿತವಾಗುವ ವ್ಯವಸ್ಥೆ, ಶಾಖೆಯಲ್ಲೇ ವಿಚಾರಿಸಿ. ಸಾಮಾನ್ಯವಾಗಿ ಅದು ಸಾಲದ ಕಂತೋ ವಿಮೆಯೋ ಆಗಿರುತ್ತದೆ, ದುಡುಕಿ ನಿಲ್ಲಿಸುವಂಥದ್ದಲ್ಲ.

ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಬೇಕು. ಬಂದೇ ಇರುತ್ತದೆ ಕೂಡ, ಜಾಹೀರಾತುಗಳ ರಾಶಿಯಲ್ಲಿ ಹೂತುಹೋಗಿರುತ್ತದೆ. ಅಪ್ಪನ ಇನ್‌ಬಾಕ್ಸಿನಲ್ಲಿ ‘299’ ಎಂದು ಹುಡುಕಿ ನೋಡಿ. ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಒಟಿಪಿಯೋ ಪಿನ್ನೋ ಬೇಕಿಲ್ಲ. ಮಿತಿಯನ್ನು ಅಷ್ಟು ಎತ್ತರಕ್ಕೆ ಏರಿಸಿದ್ದು ವಿದ್ಯುತ್ ಬಿಲ್ ಕಟ್ಟುವವರಿಗೆ ಅನುಕೂಲ, ಇಂಥ ಆ್ಯಪ್‌ಗಳಿಗೆ ಹಬ್ಬ.

ಹೋದ ಹಣದ ಬಗ್ಗೆ ಹೆಚ್ಚು ಆಸೆ ಹುಟ್ಟಿಸಲಾರೆ. ಪಿನ್ ಕೊಟ್ಟು ಒಪ್ಪಿದ್ದೀರಿ ಎಂದು ಬ್ಯಾಂಕ್ ಹೇಳಬಹುದು. ಆದರೂ ಕಂಪನಿಗೆ ಇಮೇಲ್ ಬರೆದು ಕೇಳಿ, ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ರದ್ದತಿಯನ್ನು ಕಷ್ಟ ಮಾಡಿ ಗ್ರಾಹಕರನ್ನು ಸಿಕ್ಕಿಸುವ ಈ ತಂತ್ರವನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿತ 13 ವಂಚಕ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ದೂರಿನಲ್ಲಿ ಇದನ್ನು ಬರೆಯಿರಿ. ರದ್ದು ಮಾಡಿದ ಮೇಲೂ ಹಣ ಹೋದರೆ ಮಾತ್ರ ಅದು ಬ್ಯಾಂಕಿನ ಜವಾಬ್ದಾರಿಯ ಪ್ರಶ್ನೆ. ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕಂಪನಿಯ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ವಂಚಕರು ಅಲ್ಲೇ ಕಾದಿರುತ್ತಾರೆ. ರೀಫಂಡ್ ಬರಲು ಪಿನ್ ಒತ್ತಿ ಎಂದರೆ ಫೋನ್ ಇಟ್ಟುಬಿಡಿ.

ಹೇಗೂ ಪಾಸ್‌ಬುಕ್ ತೆಗೆದಿದ್ದೀರಿ. ಮೇ ಕೊನೆಯ ಹೊತ್ತಿಗೆ 436 ಮತ್ತು 20 ರೂಪಾಯಿ ಹೋಗಿದ್ದು ಕಂಡರೆ ಅವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಪ್ರಧಾನಮಂತ್ರಿ ಜೀವನ್ ಜ್ಯೋತಿ ಮತ್ತು ಸುರಕ್ಷಾ ವಿಮೆಯ ವಾರ್ಷಿಕ ಕಂತು. ಮೊದಲನೆಯದು ಯಾವುದೇ ಕಾರಣದ ಸಾವಿಗೆ, ಎರಡನೆಯದು ಅಪಘಾತಕ್ಕೆ, ತಲಾ 2 ಲಕ್ಷ ರೂಪಾಯಿವರೆಗಿನ ವಿಮೆ. ಎರಡೆರಡು ಬ್ಯಾಂಕಿನಿಂದ ಕಟ್ ಆಗುತ್ತಿದ್ದರೆ ಒಂದು ಕಡೆ ನಿಲ್ಲಿಸಿ, ಏಕೆಂದರೆ ಒಬ್ಬರಿಗೆ ಒಂದೇ ಖಾತೆಯ ಮೂಲಕ ಈ ವಿಮೆ ಸಿಗುವುದು. ಅದಕ್ಕೆ ಮೇ ತಿಂಗಳಿಗೆ ಮೊದಲೇ ಶಾಖೆಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.