ಕೇಪಳದ ಹೊಸ ಎಲೆಗಳು ಹಳದಿಯಾಗುವುದೇಕೆ?

ಪ್ರಶ್ನೆ: ಮನೆಯ ಗೋಡೆಯ ಪಕ್ಕದಲ್ಲಿ ನೆಟ್ಟಿರುವ ಕೇಪಳದ ಗಿಡಕ್ಕೆ ಗೊಬ್ಬರಕ್ಕಾಗಲಿ ನೀರಿಗಾಗಲಿ ಕೊರತೆ ಮಾಡಿಲ್ಲ. ಆದರೂ ಕೆಲವು ತಿಂಗಳಿಂದ ಹೊಸ ಎಲೆಗಳೆಲ್ಲ ಹಳದಿಯಾಗಿಯೇ ಬರುತ್ತಿವೆ, ನರಗಳು ಮಾತ್ರ ಹಸಿರಾಗಿವೆ. ಹೂಗೊಂಚಲುಗಳೂ ಕಡಿಮೆಯಾಗಿವೆ. ಇನ್ನೂ ಹೆಚ್ಚು ಗೊಬ್ಬರ ಹಾಕಬೇಕೆ?

ಉತ್ತರ: ಹಾಕಬಾರದು. ಈ ಸ್ಥಿತಿಯಲ್ಲಿ ಗೊಬ್ಬರ ಹೆಚ್ಚಿಸಿದರೆ ತೊಂದರೆ ಉಲ್ಬಣಿಸುವ ಸಾಧ್ಯತೆಯೇ ಹೆಚ್ಚು. ಹಳದಿಯಾಗುತ್ತಿರುವುದು ಹೊಸ ಎಲೆಗಳು ಎಂಬುದು ಮತ್ತು ನರಗಳ ಹಸಿರು ಮಾಸದೆ ಉಳಿದಿದೆ ಎಂಬುದು ಪ್ರಶ್ನೆಯಲ್ಲಿರುವ ಅತ್ಯಂತ ಬೆಲೆಯುಳ್ಳ ಎರಡು ವಿವರಗಳು. ಇವೆರಡೂ ಒಟ್ಟಿಗೆ ಕಂಡಾಗ ಕೇಪಳದ ಮಟ್ಟಿಗೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣದ ಕೊರತೆಯನ್ನು.

ಯಾವ ಎಲೆ ಮೊದಲು ಹಳದಿಯಾಯಿತು ಎಂಬುದನ್ನು ನೋಡದೆ ಗಿಡಕ್ಕೆ ಏನನ್ನೂ ಕೊಡಬಾರದು. ಸಾರಜನಕ, ಪೊಟ್ಯಾಷ್ ಮತ್ತು ಮೆಗ್ನೀಷಿಯಂ ಗಿಡದೊಳಗೆ ಸುಲಭವಾಗಿ ಚಲಿಸುವ ಪೋಷಕಾಂಶಗಳು. ಅವು ಸಾಲದಾದಾಗ ಗಿಡ ಹಳೆಯ ಎಲೆಗಳಲ್ಲಿರುವುದನ್ನು ಹಿಂತೆಗೆದು ಕುಡಿಗೆ ಕಳಿಸುವುದರಿಂದ ಬುಡದ ಕಡೆಯ ಎಲೆಗಳು ಮೊದಲು ಬಣ್ಣಗೆಡುತ್ತವೆ. ಕಬ್ಬಿಣ ಹಾಗಲ್ಲ. ಒಮ್ಮೆ ಎಲೆಯೊಂದರಲ್ಲಿ ನೆಲೆಗೊಂಡ ಮೇಲೆ ಅದು ಅಲ್ಲಿಂದ ಬಹುಮಟ್ಟಿಗೆ ಕದಲುವುದಿಲ್ಲವಾದ್ದರಿಂದ, ಬೇರಿನಿಂದ ಬರುವ ಪೂರೈಕೆ ನಿಂತೊಡನೆ ಅದರ ಬಿಸಿ ತಟ್ಟುವುದು ಆಗತಾನೆ ಬಿಚ್ಚುತ್ತಿರುವ ಎಲೆಗಳಿಗೆ. ಪತ್ರಹರಿತ್ತಿನ ಅಣುವಿನಲ್ಲಿರುವುದು ಮೆಗ್ನೀಷಿಯಮ್ಮೇ ಹೊರತು ಕಬ್ಬಿಣವಲ್ಲ. ಆದರೆ ಆ ಪತ್ರಹರಿತ್ತನ್ನು ತಯಾರಿಸುವ ಕೆಲಸ ಕಬ್ಬಿಣವಿಲ್ಲದೆ ನಡೆಯುವುದಿಲ್ಲ. ಕೊರತೆ ತೀವ್ರವಾದರೆ ನರಗಳ ಹಸಿರೂ ಮಾಸಿ ಎಲೆ ಬಿಳಿಚಿಕೊಳ್ಳುತ್ತದೆ, ಅಂಚು ಸುಟ್ಟಂತಾಗುತ್ತದೆ. ಮ್ಯಾಂಗನೀಸ್ ಕೊರತೆಯೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ. ಎರಡಕ್ಕೂ ಕಾರಣ ಸಾಮಾನ್ಯವಾಗಿ ಒಂದೇ ಆಗಿರುವುದರಿಂದ ಬರಿಗಣ್ಣಿನಲ್ಲಿ ಅವುಗಳನ್ನು ಬೇರ್ಪಡಿಸುವ ಸಾಹಸ ಅನಗತ್ಯ.

ಹಾಗಾದರೆ ಮಣ್ಣಿನಲ್ಲಿ ಕಬ್ಬಿಣವಿಲ್ಲವೆ? ಬೇಕಾದಷ್ಟಿದೆ. ಕೆಂಪು ಮಣ್ಣಿನ ಕೆಂಪು ಬಣ್ಣವೇ ಕಬ್ಬಿಣದ ಆಕ್ಸೈಡಿನದು. ಗಿಡಕ್ಕೆ ಬೇಕಾದದ್ದು ಮಾತ್ರ ನೀರಿನಲ್ಲಿ ಕರಗಿರುವ ಕಬ್ಬಿಣ, ಮತ್ತು ಅದು ಎಷ್ಟು ಕರಗುತ್ತದೆ ಎಂಬುದನ್ನು ನಿರ್ಧರಿಸುವುದು ಮಣ್ಣಿನ ರಸಸಾರ (pH). ರಸಸಾರ 7 ಇದ್ದರೆ ಮಣ್ಣು ತಟಸ್ಥ. ಅದಕ್ಕಿಂತ ಕಡಿಮೆಯಿದ್ದರೆ ಆಮ್ಲೀಯ, ಹೆಚ್ಚಿದ್ದರೆ ಕ್ಷಾರೀಯ. ರಸಸಾರ ಒಂದು ಅಂಕ ಏರಿದರೆ ಮಣ್ಣಿನ ದ್ರಾವಣದಲ್ಲಿರುವ ಫೆರಿಕ್ ಕಬ್ಬಿಣ ಸುಮಾರು ಸಾವಿರದಲ್ಲೊಂದು ಪಾಲಿಗೆ ಕುಸಿಯುತ್ತದೆ. ಕ್ಷಾರೀಯ ಮಣ್ಣಿನಲ್ಲಿ ನಿಂತ ಗಿಡ ಬೀಗ ಹಾಕಿದ ಕಣಜದ ಮುಂದೆ ಹಸಿದು ಕುಳಿತಂತೆ. ಬೇರುಗಳು ಸುಮ್ಮನಿರುವುದಿಲ್ಲ, ಸುತ್ತಲಿನ ಮಣ್ಣಿಗೆ ಆಮ್ಲವನ್ನು ಸ್ರವಿಸಿ ಕಬ್ಬಿಣವನ್ನು ಕರಗಿಸಿಕೊಳ್ಳಲು ಪ್ರಯತ್ನಿಸುತ್ತವೆ. ಆದರೆ ಮಣ್ಣಿನಲ್ಲಿ ಸುಣ್ಣದ ಅಂಶವಿದ್ದಲ್ಲಿ, ಅಥವಾ ಹಾಕುವ ನೀರಿನಲ್ಲಿ ಬೈಕಾರ್ಬೊನೇಟ್ ಇದ್ದಲ್ಲಿ, ಆ ಆಮ್ಲ ಬಂದಷ್ಟೂ ಅಲ್ಲೇ ಶಮನವಾಗಿಬಿಡುತ್ತದೆ.

ಇದೇ ಮಣ್ಣಿನಲ್ಲಿ ಪಕ್ಕದ ಗಿಡಗಳು ಹಸಿರಾಗಿರುವಾಗ ಕೇಪಳವೊಂದೇ ಸೊರಗಲು ಅದರ ಮೂಲ ಕಾರಣ. ನರ್ಸರಿಗಳಲ್ಲಿ ಇಕ್ಸೋರಾ ಎಂದು ಮಾರುವ ಈ ಗಿಡ ಕಾಫಿಯ ಕುಟುಂಬಕ್ಕೆ ಸೇರಿದ್ದು. ಅದರ ಪ್ರಮುಖ ಪ್ರಭೇದವಾದ ಕೆಂಪು ಕೇಪಳದ ತವರು ದಕ್ಷಿಣ ಭಾರತ ಮತ್ತು ಶ್ರೀಲಂಕಾ. ಭಾರೀ ಮಳೆಗೆ ಸುಣ್ಣವೆಲ್ಲ ತೊಳೆದುಹೋದ ಆಮ್ಲೀಯ ಮಣ್ಣಿಗೆ ಅದು ಒಗ್ಗಿಕೊಂಡಿದೆ. ರಸಸಾರ 5ರಿಂದ 6ರ ನಡುವೆ ಇದ್ದರೆ ಅದಕ್ಕೆ ಹಿತ. 7 ದಾಟಿದರೆ ದಾಸವಾಳ ಹೇಗೋ ಸಹಿಸಿಕೊಂಡೀತು, ಕೇಪಳ ಸಹಿಸುವುದಿಲ್ಲ.

ಇನ್ನು ಮಣ್ಣಿಗೆ ಸುಣ್ಣ ಬರುವ ದಾರಿಗಳು. ಗೋಡೆಯ ಪಕ್ಕದಲ್ಲಿ ನೆಟ್ಟಿದ್ದೀರಿ ಎಂಬುದೇ ಮೊದಲ ಸುಳಿವು. ಮನೆ ಕಟ್ಟುವಾಗ ಉದುರಿದ ಸಿಮೆಂಟು, ಗಾರೆ, ಕಾಂಕ್ರೀಟಿನ ಚೂರುಗಳನ್ನು ಗೋಡೆಯ ಬುಡದಲ್ಲೇ ಹೂತು ಮೇಲೆ ಒಂದಡಿ ಒಳ್ಳೆಯ ಮಣ್ಣು ಹರಡುವುದು ಬಹಳ ಸಾಮಾನ್ಯ. ಗಿಡ ಎಳೆಯದಾಗಿರುವಾಗ ಆ ಮೇಲ್ಮಣ್ಣಿನಲ್ಲಿ ಚೆನ್ನಾಗಿಯೇ ಬೆಳೆಯುತ್ತದೆ. ಬೇರು ಕೆಳಗಿಳಿದು ಗಾರೆಯನ್ನು ಮುಟ್ಟಿದ ಮೇಲೆ ಹಳದಿಯಾಗಲು ಆರಂಭಿಸುತ್ತದೆ. ಮೊದಲ ವರ್ಷಗಳಲ್ಲಿ ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಹೀಗಾಯಿತು ಎಂಬ ದೂರಿನ ಹಿಂದೆ ಅನೇಕ ಸಲ ಇರುವುದು ಇದೇ. ಎರಡನೆಯದು ಕೊಳವೆಬಾವಿಯ ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವ ನೀರು ಕುಂಡದ ಮಣ್ಣಿನಲ್ಲಿಯೂ ಅದೇ ಕೆಲಸ ಮಾಡುತ್ತದೆ, ಮತ್ತು ಕುಂಡದಲ್ಲಿ ಮಣ್ಣು ಕಡಿಮೆಯಿರುವುದರಿಂದ ರಸಸಾರ ಬೇಗ ಏರುತ್ತದೆ.

ಮೂರನೆಯ ದಾರಿ ನಾವೇ ಅಕ್ಕರೆಯಿಂದ ತೆರೆದುಕೊಟ್ಟದ್ದು. ಮೊಟ್ಟೆಯ ಚಿಪ್ಪೆಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣದ ಕಲ್ಲಿನ ವಸ್ತುವೇ. ಒಲೆಯ ಬೂದಿಯಲ್ಲಿ ಪೊಟ್ಯಾಷ್ ಇದೆ ಎಂಬುದು ನಿಜ, ಆದರೆ ಅದು ಗಟ್ಟಿ ಕ್ಷಾರ. ಮೂಳೆ ಗೊಬ್ಬರದಲ್ಲಿ ಕ್ಯಾಲ್ಸಿಯಂ ಜೊತೆಗೆ ರಂಜಕವೂ ಹೇರಳವಾಗಿದ್ದು, ಹೆಚ್ಚಾದ ರಂಜಕ ಕಬ್ಬಿಣದೊಡನೆ ಸೇರಿ ಗಿಡಕ್ಕೆ ಸಿಗದಂತೆ ಮಾಡುತ್ತದೆ. ಹೂವು ಬರಲೆಂದು ರಂಜಕ ಹೆಚ್ಚಿರುವ ಗೊಬ್ಬರವನ್ನು ಪದೇ ಪದೇ ಹಾಕುವ ಅಭ್ಯಾಸ ಕೇಪಳದ ಪಾಲಿಗೆ ತಿರುಗುಬಾಣವಾಗುವುದು ಇದರಿಂದಲೇ. ಬೇರೆ ಗಿಡಗಳಿಗೆ ಇವೆಲ್ಲ ಒಳ್ಳೆಯವಿರಬಹುದು. ಈ ಗಿಡದ ಬುಡದಿಂದ ಮಾತ್ರ ದೂರವಿಡಿ.

ಅನುಮಾನವನ್ನು ಖಚಿತಪಡಿಸಿಕೊಳ್ಳಲು ಬುಡದಿಂದ ಒಂದು ಗೇಣು ಆಳದ ಮಣ್ಣನ್ನು ತೆಗೆದು ಒಣಗಿಸಿ, ಅದರ ಮೇಲೆ ವಿನೆಗರ್ ಸುರಿದು ನೋಡಿ. ನೊರೆಗುಳ್ಳೆಗಳು ಎದ್ದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದೇ ಅರ್ಥ. ಗುಳ್ಳೆ ಏಳದಿದ್ದರೂ ರಸಸಾರ ಹೆಚ್ಚಿರಬಹುದು. ಆಗ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಡಿಸ್ಟಿಲ್ಡ್ ವಾಟರ್ ಬೆರೆಸಿ, ಅರ್ಧ ಗಂಟೆ ಆಗಾಗ ಕಲಕಿ, ತಿಳಿಯಾದ ನೀರನ್ನು ರಸಸಾರದ ಕಾಗದದಿಂದ ಪರೀಕ್ಷಿಸಬಹುದು. ಮಣ್ಣಿನಲ್ಲಿ ಚುಚ್ಚಿ ನೋಡುವ ಅಗ್ಗದ ಮೀಟರುಗಳನ್ನು ನಾನು ನಂಬುವುದಿಲ್ಲ.

ಚಿಕಿತ್ಸೆಯಲ್ಲಿ ಎರಡು ಹಂತಗಳಿವೆ: ಗಿಡಕ್ಕೆ ಈಗಲೇ ಕಬ್ಬಿಣ ದೊರಕಿಸುವುದು, ಆಮೇಲೆ ಮಣ್ಣನ್ನು ಸರಿಪಡಿಸುವುದು. ತಕ್ಷಣದ ಪರಿಹಾರ ಎಲೆಗಳಿಗೆ ಸಿಂಪಡಣೆ. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್, ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಎರಡೂ ಬದಿಗೆ ತಾಗುವಂತೆ ಸಿಂಪಡಿಸಿ, ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಎರಡು ಮೂರು ಸಲ ಪುನರಾವರ್ತಿಸಬಹುದು. ದ್ರಾವಣವನ್ನು ಆಗಿಂದಾಗಲೇ ತಯಾರಿಸಬೇಕು. ಇಟ್ಟು ಕಂದು ಬಣ್ಣಕ್ಕೆ ತಿರುಗಿದ್ದರಿಂದ ಪ್ರಯೋಜನವಿಲ್ಲ. ಗೋಡೆಗೂ ನೆಲದ ಕಲ್ಲಿಗೂ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳಿತು. ಸಿಂಪಡಿಸಿದ ಕಬ್ಬಿಣ ಬಿದ್ದ ಎಲೆಯಲ್ಲೇ ಉಳಿಯುವುದರಿಂದ ಮುಂದಿನ ಚಿಗುರು ಮತ್ತೆ ಹಳದಿಯಾಗಿ ಬರಬಹುದು.

ಆದ್ದರಿಂದ ಬುಡಕ್ಕೆ ಕೊಡುವ ಕಬ್ಬಿಣವೂ ಬೇಕು, ಮತ್ತು ಅಲ್ಲಿ ಬರಿಯ ಅನ್ನಭೇದಿ ಸಾಲದು; ಕ್ಷಾರೀಯ ಮಣ್ಣಿಗೆ ಬಿದ್ದರೆ ಅದು ಬಹುಬೇಗ ಕರಗದ ರೂಪಕ್ಕೆ ತಿರುಗುತ್ತದೆ. ಇದಕ್ಕಾಗಿ ಇರುವುದು ಚಿಲೇಟೆಡ್ ಕಬ್ಬಿಣ. ಸಾವಯವ ಅಣುವೊಂದು ಕಬ್ಬಿಣವನ್ನು ಸುತ್ತುವರಿದು ಬೇರಿನ ತನಕ ಕಾಪಾಡುವ ಈ ಪುಡಿಗಳಲ್ಲಿ ಜಾತಿಭೇದವಿದೆ, ಕೊಳ್ಳುವವರು ಗಮನಿಸದಿರುವುದೂ ಇದನ್ನೇ. ಇಡಿಟಿಎ ರೂಪದ್ದು ಅಗ್ಗ, ಆದರೆ ರಸಸಾರ ಸುಮಾರು 6.5 ದಾಟಿದರೆ ಕಬ್ಬಿಣವನ್ನು ಕೈಬಿಡುತ್ತದೆ. ಡಿಟಿಪಿಎ 7ರ ಆಸುಪಾಸಿನವರೆಗೆ ತಡೆಯುತ್ತದೆ. ಇಡಿಡಿಎಚ್‌ಎ 9ರವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಸುಣ್ಣದ ಮಣ್ಣಿಗೆ ಇಡಿಡಿಎಚ್‌ಎ ಬಿಟ್ಟು ಬೇರೆಯದಕ್ಕೆ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ. ನೀರಿನಲ್ಲಿ ಕರಗಿಸಿದಾಗ ಗಾಢ ಕೆಂಪು ಬಣ್ಣ ಬರುವುದು ಅದರ ಗುರುತು. ಪ್ರಮಾಣಕ್ಕೆ ಪೊಟ್ಟಣದ ಮೇಲಿನ ಸೂಚನೆಯನ್ನು ಮೀರಬೇಡಿ.

ಮಣ್ಣನ್ನು ಆಮ್ಲೀಯಗೊಳಿಸಲು ಗಂಧಕದ ಪುಡಿ ಬಳಸುವುದುಂಟು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿ ಮಾರ್ಪಡಿಸಬೇಕಾದ್ದರಿಂದ ಪರಿಣಾಮ ಕಾಣಲು ತಿಂಗಳುಗಳೇ ಬೇಕು, ಅದೂ ಮಣ್ಣು ಬೆಚ್ಚಗೆ ತೇವವಾಗಿದ್ದರೆ. ಚದರ ಮೀಟರಿಗೆ 50 ಗ್ರಾಂ ಮೀರದಂತೆ ಹಾಕಿ, ಮೂರು ತಿಂಗಳ ನಂತರ ರಸಸಾರ ನೋಡಿ ಮುಂದುವರಿಯಿರಿ. ವಿನೆಗರ್ ಹಾಕಿದಾಗ ಚೆನ್ನಾಗಿ ನೊರೆ ಬಂದ ಮಣ್ಣಿನಲ್ಲಿ ಗಂಧಕವೆಲ್ಲ ಸುಣ್ಣವನ್ನು ಕರಗಿಸುವುದರಲ್ಲೇ ಮುಗಿದುಹೋಗುತ್ತದೆ. ಅಲ್ಲಿ ಈ ಪ್ರಯತ್ನ ಬೇಡ. ಸಾರಜನಕ ಕೊಡುವಾಗ ಅಮೋನಿಯಂ ಸಲ್ಫೇಟನ್ನು ಮಿತವಾಗಿ ಬಳಸುವುದು ಒಂದು ಕಲ್ಲಿಗೆ ಎರಡು ಹಣ್ಣು, ಏಕೆಂದರೆ ಅದು ಮಣ್ಣನ್ನು ಆಮ್ಲೀಯಗೊಳಿಸುತ್ತದೆ. ಸಾಧ್ಯವಿದ್ದಾಗಲೆಲ್ಲ ಮಳೆನೀರು ಹಾಕಿ, ಬುಡಕ್ಕೆ ತರಗೆಲೆಯ ಹೊದಿಕೆ ಹರಡಿ.

ತುಕ್ಕು ಹಿಡಿದ ಮೊಳೆಗಳನ್ನು ಬುಡದಲ್ಲಿ ಹೂಳುವ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ತುಕ್ಕು ಎಂದರೆ ಮಣ್ಣಿನಲ್ಲಿ ಈಗಾಗಲೇ ತುಂಬಿಕೊಂಡಿರುವ ಕರಗದ ಕಬ್ಬಿಣವೇ ಆದ್ದರಿಂದ ಅದರಿಂದ ಏನೂ ಆಗದು. ಸೋಸಿದ ಕಾಫಿ ಗಸಿಯಲ್ಲಿ ಆಮ್ಲ ಬಹುಪಾಲು ಉಳಿದಿರುವುದಿಲ್ಲ. ನಿಂಬೆರಸದ ಪರಿಣಾಮ ಕೆಲವೇ ದಿನಗಳದ್ದು.

ರಸಸಾರ ಸರಿಯಾಗಿದ್ದೂ ಎಲೆ ಹಳದಿಯಾಗುವುದಿದ್ದರೆ ಬೇರನ್ನು ನೋಡಬೇಕು. ಸದಾ ನೀರು ನಿಂತ ಮಣ್ಣಿನಲ್ಲಿ ಗಾಳಿಯಿಲ್ಲದೆ ಬೇರು ಕೆಲಸ ನಿಲ್ಲಿಸುತ್ತದೆ. ಚಳಿಗಾಲದಲ್ಲಿ ಮಣ್ಣು ತಣ್ಣಗಾದಾಗಲೂ ಹೀಗಾಗಿ, ಬೆಚ್ಚಗಿನ ದಿನಗಳು ಬಂದ ಮೇಲೆ ತಾನಾಗಿ ಸರಿಹೋಗುವುದುಂಟು. ಮರಳು ಮಣ್ಣಿನಲ್ಲಿ ನೆಮಟೋಡ್ ಎಂಬ ಅತಿ ಸಣ್ಣ ಜಂತುಹುಳುಗಳೂ ಬೇರನ್ನು ಹಾಳುಮಾಡುತ್ತವೆ. ನಿತ್ಯ ನೀರು ಹಾಕುವ ಬದಲು ಮೇಲ್ಮಣ್ಣು ಒಂದು ಅಂಗುಲ ಒಣಗಿದ ಮೇಲೆ ತಳದವರೆಗೆ ಇಳಿಯುವಂತೆ ಹಾಕುವುದು ಸರಿಯಾದ ಕ್ರಮ.

ಹೂವು ಕಡಿಮೆಯಾದುದಕ್ಕೆ ಹಳದಿ ಎಲೆಗಳೂ ಒಂದು ಕಾರಣ, ಏಕೆಂದರೆ ಅವು ಗಿಡಕ್ಕೆ ಸಾಕಷ್ಟು ಆಹಾರ ತಯಾರಿಸಲಾರವು. ಅದರೊಡನೆ ಇನ್ನೆರಡನ್ನು ಪರಿಶೀಲಿಸಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳದ ಜಾಗದಲ್ಲಿ ಕೇಪಳ ಉದ್ದುದ್ದ ಬೆಳೆದು ಹೂ ಕಡಿಮೆ ಬಿಡುತ್ತದೆ. ಕತ್ತರಿಸುವ ರೀತಿಯೂ ಮುಖ್ಯ: ಗೊಂಚಲು ಮೂಡುವುದು ಹೊಸ ರೆಂಬೆಯ ತುದಿಯಲ್ಲಿ, ಆದ್ದರಿಂದ ಬೇಲಿಯಂತೆ ಸಮವಾಗಿ ಕಾಣಲೆಂದು ಪ್ರತಿ ತಿಂಗಳೂ ತಲೆ ಸವರಿದರೆ ಮೊಗ್ಗನ್ನೇ ಕತ್ತರಿಸಿ ಎಸೆದಂತಾಗುತ್ತದೆ. ಒಂದು ಸುತ್ತು ಹೂ ಬಾಡಿದ ಮೇಲೆ ಗೊಂಚಲಿನ ಕೆಳಗಿನ ಒಂದೆರಡು ಜೋಡಿ ಎಲೆಗಳ ಸಮೇತ ಕತ್ತರಿಸಿದರೆ ಪ್ರತಿ ತುದಿಯಿಂದಲೂ ಎರಡು ಕವಲು ಒಡೆದು ಗೊಂಚಲುಗಳು ಹೆಚ್ಚುತ್ತವೆ. ಎಲೆಯ ಮೇಲೆ ಕಪ್ಪು ಬೂಷ್ಟು, ಕಾಂಡದಲ್ಲಿ ಇರುವೆಗಳ ಸಾಲು ಕಂಡರೆ ಹಿಟ್ಟುತಿಗಣೆ ಅಥವಾ ಶಲ್ಕಕೀಟ ಇರಬಹುದು. ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ.

ಬೇರಿಗೆ ಕಬ್ಬಿಣ ಕೊಟ್ಟ ಎರಡು ಮೂರು ವಾರಗಳ ನಂತರ ಮೂಡುವ ಚಿಗುರಿನ ಬಣ್ಣವನ್ನು ನೋಡಿ ಫಲಿತಾಂಶವನ್ನು ಅಳೆಯಬೇಕು. ಬಲಿತ ಹಳದಿ ಎಲೆಗಳು ಪೂರ್ಣ ಹಸಿರಾಗದಿರಬಹುದು, ಹಾಗೆಂದು ಅವನ್ನು ಕೀಳಬೇಕಾಗಿಲ್ಲ. ಗೋಡೆಯ ಬುಡದಲ್ಲಿ ಅಗೆದಾಗ ಗಾರೆಯ ಚೂರುಗಳು ಸಿಕ್ಕರೆ ಮಾತ್ರ ವರ್ಷವಿಡೀ ಚಿಲೇಟ್ ಕೊಡುವುದಕ್ಕಿಂತ ಗಿಡವನ್ನು ಅಲ್ಲಿಂದ ಎಬ್ಬಿಸುವುದೇ ಲೇಸು. ಮಳೆಗಾಲದ ಆರಂಭದಲ್ಲಿ ರೆಂಬೆಗಳನ್ನು ಮೂರನೇ ಒಂದು ಭಾಗ ಕತ್ತರಿಸಿ, ಬೇರಿನ ಮುದ್ದೆ ಒಡೆಯದಂತೆ ಅಗೆದು ತೆಗೆದು, ಸಿಕ್ಕಿಕೊಂಡ ಚೂರುಗಳನ್ನು ಬಿಡಿಸಿ, ಆಮ್ಲೀಯ ಕೆಂಪು ಮಣ್ಣು, ಕೊಳೆತ ಎಲೆಗೊಬ್ಬರ ಮತ್ತು ತೊಳೆದ ಕೋಕೋಪೀಟ್ ಸಮಪಾಲು ಬೆರೆಸಿದ ದೊಡ್ಡ ಕುಂಡದಲ್ಲಿ ನೆಡಿ. ಮೊದಲ ಕೆಲವು ವಾರ ನೆರಳಿನಲ್ಲಿಟ್ಟು, ಹೊಸ ಕುಡಿ ಕಾಣಿಸಿದ ಮೇಲೆ ಹಂತಹಂತವಾಗಿ ಬಿಸಿಲಿಗೆ ಸರಿಸಿ. ಅಷ್ಟರೊಳಗೆ ಒಂದಷ್ಟು ಎಲೆಗಳು ಉದುರಿದರೆ ಗಾಬರಿಯಾಗಬೇಕಿಲ್ಲ, ಸ್ಥಳ ಬದಲಾದ ಕೇಪಳ ಎಲೆ ಉದುರಿಸುವುದು ಸಹಜ.