ಕರ್ವಾಲೊ, ದುಬ್ಚೆಕ್, ನೋಕ್ಸ್: ಇವರೆಲ್ಲರ ಹೆಸರಲ್ಲೂ ಒಂದೇ ಮರ ಹೇಗೆ ಬಂತು?

ಓದುಗರ ಪ್ರಶ್ನೆ: ಪೋರ್ಚುಗೀಸರ ಕರ್ವಾಲೊ, ಸ್ಲೊವಾಕಿಯಾದ ದುಬ್ಚೆಕ್, ಸ್ವೀಡನ್ನಿನ ಎಕ್‌ಬರ್ಗ್, ಇಂಗ್ಲಿಷರ ನೋಕ್ಸ್. ಈ ಸರ್‌ನೇಮ್‌ಗಳೆಲ್ಲದರ ಒಳಗೂ ಓಕ್ ಮರ ಇದೆ ಅಂತ ಕೇಳಿದೆ. ಕಿವಿಗೆ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕೇಳಿಸುತ್ತವೆ. ಇದು ನಿಜಾನಾ? ನಿಜವಾದರೆ, ಈ ಮನೆತನಗಳೆಲ್ಲ ಹಿಂದೆ ಎಲ್ಲೋ ಒಂದೇ ಆಗಿದ್ದವಾ?

ಉತ್ತರ: ಓಕ್ ಇರುವುದು ನಿಜ. ನಾಲ್ಕೂ ಹೆಸರುಗಳಲ್ಲಿ ಇದೆ. ಆದರೆ ಮನೆತನಗಳು ಒಂದಲ್ಲ, ದೂರದ ನೆಂಟರೂ ಅಲ್ಲ. ಇಂಥ ಹೆಸರುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ವಿಳಾಸವಾಗಿ. "ಇವನು ಯಾರ ಮಗ" ಅನ್ನುವುದಕ್ಕಿಂತ "ಇವನ ಮನೆ ಎಲ್ಲಿ" ಅನ್ನುವುದನ್ನು ಅವು ಹೇಳುತ್ತಿದ್ದವು. ಮನೆ ಮುಂದೆ ಓಕ್ ಮರ ಇದ್ದ ಜನ ಯುರೋಪಿನ ಎಷ್ಟೋ ಊರುಗಳಲ್ಲಿ ಇದ್ದರು. ಹಾಗಾಗಿ ಒಂದೇ ಅರ್ಥದ ಹೆಸರು ನೂರಾರು ಕಡೆ, ಬೇರೆ ಬೇರೆಯಾಗಿ, ಒಬ್ಬರಿಗೊಬ್ಬರು ಗೊತ್ತೇ ಇಲ್ಲದೆ ಹುಟ್ಟಿಕೊಂಡಿತು.

ಇಂಗ್ಲೆಂಡಿನಿಂದ ಶುರು ಮಾಡೋಣ. ಅಲ್ಲಿ ಮನೆತನದ ಹೆಸರುಗಳು ಗಟ್ಟಿಯಾಗಿದ್ದು ಸುಮಾರು 12ರಿಂದ 14ನೇ ಶತಮಾನದ ನಡುವೆ. ಅದಕ್ಕೂ ಮೊದಲು ಒಬ್ಬೊಬ್ಬರಿಗೆ ಒಂದೊಂದೇ ಹೆಸರು. ಗಂಡಸರಿಗೆ ಇಡುತ್ತಿದ್ದ ಹೆಸರುಗಳೂ ಕಡಿಮೆ. ಒಂದೇ ಹಳ್ಳಿಯಲ್ಲಿ ನಾಲ್ಕೈದು ಜಾನ್ ಇದ್ದರೆ ಕಂದಾಯ ಬರೆದುಕೊಳ್ಳುವವನು ಏನು ಮಾಡಬೇಕು? ಒಬ್ಬನನ್ನು "ಸೇತುವೆ ಹತ್ತಿರದ ಜಾನ್" ಅಂತ, ಇನ್ನೊಬ್ಬನನ್ನು "ಓಕ್ ಮರದ ಹತ್ತಿರದ ಜಾನ್" ಅಂತ ಬರೆದುಕೊಂಡ. ಆ ಕಾಲದ ಇಂಗ್ಲಿಷಿನಲ್ಲಿ ಅದು "ಅಟ್ಟೆನ್ ಓಕ್".

ಮುಂದೆ ಆದದ್ದು ನನಗೆ ತುಂಬಾ ಇಷ್ಟ. "ಅಟ್ಟೆನ್ ಓಕ್" ಅಂತ ಬೇಗ ಹೇಳಿ ನೋಡಿ. ಮೊದಲ ಪದದ ಕೊನೆಯ ನಕಾರ ಎರಡನೆಯದಕ್ಕೆ ಅಂಟಿಕೊಳ್ಳುತ್ತದೆ. ಕೇಳಿದವರು ಅದನ್ನು "ಅಟ್ಟೆ ನೋಕ್" ಅಂತ ಬಿಡಿಸಿಕೊಂಡರು. ನಮ್ಮ ವ್ಯಾಕರಣದ ಮಾತಲ್ಲಿ ಹೇಳಬೇಕೆಂದರೆ, ಸಂಧಿ ಬಿಡಿಸುವಾಗ ತಪ್ಪಾಯಿತು. ನೋಕ್, ನೋಕ್ಸ್ ಅನ್ನುವ ಹೆಸರುಗಳು ಹುಟ್ಟಿದ್ದು ಹಾಗೆ. "ಅಟ್ಟರ್ ಓಕ್" ಅನ್ನುವ ಇನ್ನೊಂದು ರೂಪದಿಂದ ರೋಕ್ ಬಂತು. ಆಶ್ ಮರದ ಹತ್ತಿರ ಇದ್ದವರು ನ್ಯಾಶ್ ಆಗಿದ್ದೂ ಇದೇ ದಾರಿಯಲ್ಲಿ. ನೋಕ್ಸ್ ಅನ್ನುವ ಹೆಸರು ಎಷ್ಟು ಸಾಮಾನ್ಯವಾಗಿತ್ತೆಂದರೆ, ಹಳೆಯ ಇಂಗ್ಲಿಷ್ ವಕೀಲರು ಕಾನೂನಿನ ಉದಾಹರಣೆಗೆ ಒಬ್ಬ ಕಾಲ್ಪನಿಕ ಮನುಷ್ಯ ಬೇಕಾದಾಗ "ಜಾನ್ ಎ ನೋಕ್ಸ್" ಅಂತಲೇ ಬರೆಯುತ್ತಿದ್ದರು. ಅಂದರೆ ಓಕ್ ಮರದ ಹತ್ತಿರದ ಜಾನ್. ಅವನು ಯಾರೂ ಆಗಿರಬಹುದಿತ್ತು.

ಆದರೆ ಓಕೇ ಏಕೆ? ಊರಲ್ಲಿ ಬೇರೆ ಮರಗಳೂ ಇದ್ದವಲ್ಲ. ಅವುಗಳಿಂದಲೂ ಹೆಸರು ಬಂದಿವೆ ನಿಜ. ಓಕ್‌ನದು ಜಾಸ್ತಿ ಆಗಲು ಕಾರಣ, ಅದು ನಿಂತ ಜಾಗದಲ್ಲಿ ಮುನ್ನೂರು, ಐನೂರು ವರ್ಷ ನಿಲ್ಲುತ್ತದೆ. ಅಜ್ಜ ತೋರಿಸಿದ ಮರವನ್ನೇ ಮೊಮ್ಮಗನೂ ತೋರಿಸಬಹುದು. ಗುರುತು ಹೇಳಲು ಇದಕ್ಕಿಂತ ಒಳ್ಳೆಯದು ಬೇಕಾ? ಜೊತೆಗೆ ಆ ಮರ ಬದುಕಿಗೆ ಬೇಕಾಗಿತ್ತು. ಮನೆಯ ತೊಲೆ, ಹಡಗಿನ ಹಲಗೆ, ವೈನ್ ಪೀಪಾಯಿ ಎಲ್ಲಕ್ಕೂ ಓಕ್. ತೊಗಲು ಹದ ಮಾಡಲು ಅದರ ತೊಗಟೆ. ಚಳಿಗಾಲಕ್ಕೆ ಮುಂಚೆ ಹಂದಿಗಳನ್ನು ಓಕ್ ತೋಪಿಗೆ ಅಟ್ಟಿ, ಉದುರಿದ ಕಾಯಿ ತಿನ್ನಿಸಿ ಕೊಬ್ಬಿಸುತ್ತಿದ್ದರು. ಯಾವ ಓಕ್ ಯಾರ ಜಮೀನಿನದು ಅನ್ನುವುದು ಊರಿಗೆಲ್ಲ ಗೊತ್ತಿರುತ್ತಿತ್ತು.

ಊರಿನ ಗಡಿಯೂ ಓಕ್ ಮರವೇ. ವರ್ಷಕ್ಕೊಮ್ಮೆ ಪಾದ್ರಿ ಮತ್ತು ಊರವರು ಗಡಿ ಸುತ್ತುವಾಗ ಒಂದು ದೊಡ್ಡ ಓಕ್ ಕೆಳಗೆ ನಿಂತು ಬೈಬಲಿನ ಸುವಾರ್ತೆ ಓದುತ್ತಿದ್ದರು. ಅಂಥ ಮರ "ಹೋಲಿ ಓಕ್", ಪವಿತ್ರ ಓಕ್. ಅದರ ಹತ್ತಿರ ಇದ್ದವರು ಹೋಲಿಯೋಕ್ ಆದರು. 19ನೇ ಶತಮಾನದಲ್ಲಿ ಜಾರ್ಜ್ ಜೇಕಬ್ ಹೋಲಿಯೋಕ್ ಅನ್ನುವವರಿದ್ದರು. ದೇವರ ಬಗ್ಗೆ ಆಡಿದ ಮಾತಿಗಾಗಿ 1842ರಲ್ಲಿ ಜೈಲಿಗೆ ಹೋದವರು. 1851ರಲ್ಲಿ "ಸೆಕ್ಯುಲರಿಸಂ" ಅನ್ನುವ ಪದವನ್ನು ಹುಟ್ಟಿಸಿದ್ದೂ ಅವರೇ. ಧರ್ಮ ಬೇರೆ, ಲೋಕವ್ಯವಹಾರ ಬೇರೆ ಎಂದು ಬದುಕಿಡೀ ವಾದಿಸಿದವರ ಹೆಸರಿನಲ್ಲಿ ಪ್ರಾರ್ಥನೆಯ ಮರ ಇತ್ತು. ಹೆಸರು ಯಾವ ಕಾಲದಲ್ಲಿ ಹುಟ್ಟಿತೋ ಆ ಕಾಲವನ್ನು ಹೊತ್ತು ತರುತ್ತದೆ. ಅದನ್ನು ಹೊತ್ತ ಮನುಷ್ಯ ಎಂಥವನು ಅನ್ನುವುದು ಅದಕ್ಕೆ ಗೊತ್ತಿರುವುದಿಲ್ಲ.

ಕೆಲವು ಹೆಸರುಗಳು ನೇರವಾಗಿ ಮರದಿಂದ ಬಂದಿಲ್ಲ, ಊರಿನ ಮೂಲಕ ಬಂದಿವೆ. ಓಕ್ಲಿ ಅಂದರೆ ಓಕ್‌ಗಳ ನಡುವಿನ ಬಯಲು. ಯಾರ್ಕ್‌ಶೈರ್ ಕಡೆಯ ಆಕ್ರಾಯ್ಡ್ ಅಂದರೆ ಓಕ್ ಕಡಿದು ಮಾಡಿದ ಜಾಗ. ಚಿತ್ರಕಾರ ಯಾನ್ ವಾನ್ ಐಕ್ ಹೆಸರು ಮಾಸೈಕ್ ಪಟ್ಟಣವನ್ನು ತೋರಿಸುತ್ತದೆ. ಅದು ಮಾಸ್ ನದಿಯ ಓಕ್. ಡಚ್ಚರ "ಐಕ್" ಮತ್ತು ಜರ್ಮನರ "ಐಖೆ" ಎರಡೂ ಇಂಗ್ಲಿಷಿನ ಓಕ್‌ನ ಅಣ್ಣತಮ್ಮಂದಿರು. ಐಖ್ಲರ್, ಐಖ್ನರ್, ಐಖೆಂಡೋರ್ಫ್ ಎಲ್ಲ ಆ ಗುಂಪಿನವು.

ಪೋಲೆಂಡಿನಲ್ಲಿ ಓಕ್‌ಗೆ "ದೊಂಬ್", ಓಕ್ ತೋಪಿಗೆ "ದೊಂಬ್ರೋವಾ". ಈ ಹೆಸರಿನ ಹಳ್ಳಿಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ದೊಂಬ್ರೋವಾ ಊರಿನವನು ದೊಂಬ್ರೋವ್ಸ್ಕಿ. ಪೋಲೆಂಡಿನ ಅತಿ ಸಾಮಾನ್ಯ ಮನೆತನದ ಹೆಸರುಗಳಲ್ಲಿ ಇದೂ ಒಂದು. ಆ ದೇಶದ ರಾಷ್ಟ್ರಗೀತೆಯ ಪಲ್ಲವಿಯಲ್ಲೇ ಈ ಹೆಸರು ಬರುತ್ತದೆ. 1797ರಲ್ಲಿ ಇಟಲಿಯಲ್ಲಿ ಪೋಲಿಷ್ ಸೈನಿಕರ ಪಡೆ ಕಟ್ಟಿದ ಜನರಲ್ ಯಾನ್ ಹೆನ್ರಿಕ್ ದೊಂಬ್ರೋವ್ಸ್ಕಿಯನ್ನು "ನಡೆ ನಡೆ" ಎಂದು ಕರೆಯುವ ಪಲ್ಲವಿ ಅದು. ಇತರ ಹಲವು ಸ್ಲಾವ್ ಭಾಷೆಗಳಲ್ಲಿ ಓಕ್‌ಗೆ "ದುಬ್". ಅದರಿಂದ ರಷ್ಯಾದ ದುಬೋವ್, ದುಬ್ರೋವಿನ್ ಬಂದವು. ದುಬ್ಚೆಕ್ ಅಂದರೆ ಪುಟ್ಟ ಓಕ್. ಚೆಕೊಸ್ಲೊವಾಕಿಯಾದ 1968ರ ಸುಧಾರಣೆಯ ಪ್ರಯತ್ನವಾದ ಪ್ರಾಗ್ ವಸಂತದ ನಾಯಕ ಅಲೆಕ್ಸಾಂಡರ್ ದುಬ್ಚೆಕ್ ಆ ಹೆಸರಿನವರು.

ಹಾಗಾದರೆ ಮರ ಒಂದೇ, ಹೆಸರು ಇಷ್ಟೊಂದು ಬೇರೆ ಏಕೆ? ಯುರೋಪಿನ ಹಳೆಯ ಭಾಷೆಗಳಲ್ಲಿ ಓಕ್‌ಗೆ ಒಂದೇ ಪದ ಇರಲಿಲ್ಲ. ಒಂದು ಹಳೆಯ ಬೇರು ಮಾತ್ರ ನಮಗೂ ಪರಿಚಯ. ಐರಿಷ್ ಭಾಷೆಯಲ್ಲಿ ಓಕ್‌ಗೆ "ದಾರ್" ಎಂಬಂಥ ಪದ ಇದೆ. ಕಿಲ್ಡೇರ್ ಅಂದರೆ ಓಕ್ ಮರದ ಚರ್ಚು, ಡೆರ್ರಿ ಅಂದರೆ ಓಕ್ ತೋಪು. ಡಾರಾ ಅನ್ನುವ ಮನೆತನದ ಹೆಸರೂ ಇದರದೇ. ಈ ಪದ ಮತ್ತು ಸಂಸ್ಕೃತದ "ದಾರು" ಒಂದೇ ಬೇರಿನವು. ದಾರು ಅಂದರೆ ಮರ, ಕಟ್ಟಿಗೆ. ದೇವದಾರುವಿನ ದಾರು! ಇಂಗ್ಲಿಷಿನ "ಟ್ರೀ" ಕೂಡ ಇದೇ ಬೇರಿನ ಚಿಗುರು. ಒಂದು ಕಡೆ ಎಲ್ಲ ಮರಕ್ಕೂ ನಿಂತ ಪದ, ಇನ್ನೊಂದು ಕಡೆ ಓಕ್ ಒಂದಕ್ಕೇ ನಿಂತಿತು. ಐರಿಷರಿಗೆ ಓಕ್ ಅಂದರೇ ಮರ ಅನ್ನುವಷ್ಟು ಮುಖ್ಯವಾಗಿತ್ತು ಅಂತ ನನಗೆ ಅನ್ನಿಸುತ್ತದೆ.

ಫ್ರಾನ್ಸಿನ ಕಥೆ ಇನ್ನೂ ಸೊಗಸು. ಲ್ಯಾಟಿನ್ ಬಂದು ಅಲ್ಲಿನ ಹಳೆಯ ನಿವಾಸಿಗಳಾದ ಗಾಲ್ ಜನರ ಭಾಷೆಯನ್ನು ಅಳಿಸಿಹಾಕಿತು. ಆದರೆ ಅವರ ಓಕ್ ಪದ "ಕಸ್ಸನೋಸ್" ಅಳಿಯಲಿಲ್ಲ. ರೈತರ ಬಾಯಲ್ಲಿ ಉಳಿದು, ಪ್ಯಾರಿಸ್ ಕಡೆ "ಶೆನ್" ಆಯಿತು, ಉತ್ತರದ ನಾರ್ಮಂಡಿ ಕಡೆ ಕಕಾರ ಬಿಡದೆ "ಕೆನ್" ಆಯಿತು. ಹಾಗಾಗಿ ದುಶೆನ್ ಮತ್ತು ದುಕೆನ್ ಒಂದೇ ಅರ್ಥದ ಹೆಸರುಗಳು, "ಓಕ್‌ನವನು". ಕೃಷಿಯೇ ಸಂಪತ್ತಿನ ಮೂಲ ಎಂದ 18ನೇ ಶತಮಾನದ ಅರ್ಥಶಾಸ್ತ್ರಜ್ಞ ಫ್ರಾನ್ಸ್ವಾ ಕೆನೆ ಇದೇ ಬಳಗ. ದಕ್ಷಿಣದಲ್ಲಿ ಶಸ್ಸಾಞ್, ಕಸ್ಸಾಞ್. ನಾರ್ಮನ್ನರ ಜೊತೆ ಕಡಲು ದಾಟಿ ಇಂಗ್ಲೆಂಡಿಗೆ ಹೋದ ಇನ್ನೊಂದು ರೂಪ ಚೇನಿ. ಅಮೆರಿಕದ ಉಪಾಧ್ಯಕ್ಷರಾಗಿದ್ದ ಡಿಕ್ ಚೇನಿ ಹೆಸರಲ್ಲಿ ಹೀಗೆ ಓಕ್ ತೋಪೊಂದು ಅಡಗಿದೆ. ದುಕೆನ್ ಮತ್ತು ಚೇನಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಅನುಮಾನ ಬರುತ್ತದಾ?

ಸ್ಪೇನ್, ಪೋರ್ಚುಗಲ್ ಕಡೆ ಓಕ್‌ನಲ್ಲೇ ಹಲವು ಜಾತಿ. ಜನ ಅವನ್ನೆಲ್ಲ ಒಂದೇ ಹೆಸರಲ್ಲಿ ಕರೆಯಲಿಲ್ಲ. ಎಲೆ ಉದುರಿಸುವ ಓಕ್‌ನಿಂದ ರೋಬ್ಲೆಸ್ ಮತ್ತು ರೋಬ್ಲೆದೊ, ಎಲೆ ಉದುರಿಸದ ಓಕ್‌ನಿಂದ ಎನ್ಸಿನಾಸ್ ಮತ್ತು ಕರಾಸ್ಕೊ. ಬಾಟಲಿಯ ಬಿರಡೆ ಮಾಡುವ ಕಾರ್ಕ್ ಓಕ್‌ನ ತೋಪಿನಿಂದ ಪೋರ್ಚುಗೀಸರ ಸೊಬ್ರಾಲ್. ಯಾವ ಭಾಷೆಯೊಂದಿಗೂ ನೆಂಟಸ್ತಿಕೆ ಸಿಗದ ಬಾಸ್ಕ್ ಭಾಷೆಯಲ್ಲೂ ಹೀಗೇ. "ಅರಿತ್ಸ್" ಒಂದು ಓಕ್, "ಅರ್ತೆ" ಇನ್ನೊಂದು, "ಅಮೆತ್ಸ್" ಮತ್ತೊಂದು. ಅರಿಸ್ಮೆಂದಿ ಅಂದರೆ ಓಕ್ ಬೆಟ್ಟ. ಅರ್ತೆಯಾಗ ಅಂದರೆ ಎಲೆ ಉದುರಿಸದ ಓಕ್‌ಗಳಿರುವ ಜಾಗ.

ಇಷ್ಟರವರೆಗೆ ವಿಳಾಸದ ಕಥೆ. ಎಲ್ಲ ಕಡೆ ಹೀಗೇ ಆಗಿಲ್ಲ ಅನ್ನುವುದನ್ನೂ ಹೇಳಬೇಕು. ಸ್ವೀಡನ್ನಿನಲ್ಲಿ ಹಳ್ಳಿಯವರು ಬಹಳ ಕಾಲ ಅಪ್ಪನ ಹೆಸರನ್ನೇ ಸೇರಿಸಿಕೊಳ್ಳುತ್ತಿದ್ದರು. ಪಟ್ಟಣದವರು ಮಾತ್ರ ನಿಸರ್ಗದ ಎರಡು ಪದ ಜೋಡಿಸಿ ಚಂದದ ಹೆಸರು ಕಟ್ಟಿಕೊಂಡರು. "ಎಕ್" ಅಂದರೆ ಓಕ್. ಎಕ್‌ಬರ್ಗ್ ಓಕ್ ಬೆಟ್ಟ, ಎಕ್‌ಲುಂಡ್ ಓಕ್ ತೋಪು, ಎಕ್‌ಸ್ಟ್ರೋಮ್ ಓಕ್ ಹೊಳೆ. ಆ ಬೆಟ್ಟ, ಆ ಹೊಳೆ ನಿಜವಾಗಿ ಇರಲೇಬೇಕು ಅಂತಿಲ್ಲ. ಕೇಳಲು ಚೆನ್ನಾಗಿದ್ದರೆ ಸಾಕಿತ್ತು. ಸೈನ್ಯದಲ್ಲೂ ಒಂದೇ ದಳದಲ್ಲಿ ಹತ್ತು ಜನ ಆಂಡರ್ಸನ್ ಇದ್ದರೆ ಗೊಂದಲ ಅಂತ ಸೈನಿಕರಿಗೆ ಚಿಕ್ಕ ಹೆಸರು ಕೊಡುತ್ತಿದ್ದರು. ಎಕ್ ಅದಕ್ಕೆ ಹೇಳಿ ಮಾಡಿಸಿದಂಥದ್ದು.

ಎಸ್ಟೋನಿಯಾದಲ್ಲಿ ರೈತರು ಜೀತದಿಂದ ಬಿಡುಗಡೆಯಾಗಿದ್ದು 1816 ಮತ್ತು 1819ರ ಕಾನೂನುಗಳಿಂದ. ಆಮೇಲಿನ ಎರಡು ದಶಕಗಳೊಳಗೆ ಇಡೀ ಹಳ್ಳಿಗಳಿಗೆ ಮನೆತನದ ಹೆಸರು ಬರೆಯಬೇಕಾಯಿತು. ಅಷ್ಟು ಜನಕ್ಕೆ ಒಮ್ಮೆಗೇ ಹೆಸರು ಬೇಕೆಂದರೆ ಕಣ್ಣೆದುರಿನ ಮರವೇ ಕೈಗೆ ಸಿಗುತ್ತದೆ. ಓಕ್ ಅನ್ನುವ ಅರ್ಥದ "ತಾಮ್" ಇಂದಿಗೂ ಅಲ್ಲಿ ಅತಿ ಹೆಚ್ಚು ಕೇಳಿಬರುವ ಹೆಸರುಗಳಲ್ಲೊಂದು. ಪಕ್ಕದ ಲಾಟ್ವಿಯಾದಲ್ಲಿ ಒಜೊಲ್ಸ್, ಪುಟ್ಟ ಓಕ್ ಆದರೆ ಒಜೊಲಿನ್ಷ್. ಹೆಂಗಸರಾದರೆ ಕೊನೆ ಬದಲಾಗಿ ಒಜೊಲಿನ್ಯ.

ಹೆಸರನ್ನು ಬೇಕೆಂದೇ ಆರಿಸಿಕೊಂಡವರೂ ಇದ್ದಾರೆ. ಇಸ್ರೇಲ್ ಹುಟ್ಟಿದ ಹೊತ್ತಿನಲ್ಲಿ ಅನೇಕರು ಯುರೋಪಿನ ಹೆಸರು ಬಿಟ್ಟು ಹೀಬ್ರೂ ಹೆಸರಿಟ್ಟುಕೊಂಡರು. ಸೇನಾನಿ ಯಿಗಾಲ್ ಪೈಕೋವಿಚ್ ಆಗ ಯಿಗಾಲ್ ಅಲೋನ್ ಆದರು. ಅಲೋನ್ ಅಂದರೆ ಓಕ್. 1969ರಲ್ಲಿ ಕೆಲವು ವಾರ ಅವರು ಹಂಗಾಮಿ ಪ್ರಧಾನಿಯೂ ಆಗಿದ್ದರು.

ಇಟಲಿಯ ಡೆಲ್ಲಾ ರೋವೆರೆ ಮನೆತನವಂತೂ ಹೆಸರನ್ನೇ ಲಾಂಛನ ಮಾಡಿಕೊಂಡಿತು. ರೋವೆರೆ ಅಂದರೆ ಓಕ್. ಈ ಮನೆತನದ ಪೋಪ್ ನಾಲ್ಕನೇ ಸಿಕ್ಸ್ಟಸ್ ಕಟ್ಟಿಸಿದ್ದಕ್ಕೇ ಸಿಸ್ಟೀನ್ ಚಾಪೆಲ್‌ಗೆ ಆ ಹೆಸರು. ಅವರ ಅಣ್ಣತಮ್ಮಂದಿರ ಮಗ ಎರಡನೇ ಜೂಲಿಯಸ್ ಪೋಪ್ ಆದಾಗ ಅದರ ಚಾವಣಿಗೆ ಚಿತ್ರ ಬರೆಯಲು ಮೈಕೆಲೇಂಜೆಲೊನನ್ನು ಕರೆಸಿದರು. 1508ರಿಂದ 1512ರವರೆಗೆ ಕೆಲಸ ನಡೆಯಿತು. ಆ ಚಾವಣಿಯಲ್ಲಿ ಬೆತ್ತಲೆ ಯುವಕರ ಜೊತೆ ಓಕ್ ಎಲೆ, ಓಕ್ ಕಾಯಿಗಳ ದಪ್ಪ ದಪ್ಪ ಗೊಂಚಲುಗಳಿವೆ. ಅದು ಸುಮ್ನೆ ಅಲಂಕಾರ ಅಲ್ಲ. ಹಣ ಕೊಟ್ಟ ಮನೆತನದ ಸಹಿ.

ಈಗ ಒಂದು ಎಚ್ಚರಿಕೆ. ಸದ್ದು ಕೇಳಿ ಅರ್ಥ ಹೇಳಬೇಡಿ. ದುಬೋವ್ ಓಕ್ ಆದರೆ ಫ್ರೆಂಚರ ದುಬ್ವಾ ಓಕ್ ಅಲ್ಲ. ಅದು "ಕಾಡಿನವನು" ಅಷ್ಟೇ. ಜರ್ಮನರ ಐಖ್‌ಹೋರ್ನ್ ನೋಡಲು ಓಕ್ ಇದ್ದಂತಿದೆ, ಆದರೆ ಆ ಪದಕ್ಕೆ ಅಳಿಲು ಅಂತ ಅರ್ಥ. ಕಣ್ಣಿಗೆ ಕಾಣುವ ಲಿಪಿಯೂ ಮೋಸ ಮಾಡುತ್ತದೆ. ಜಪಾನಿನ ಕಶಿವಾಗಿ ಅನ್ನುವ ಹೆಸರಲ್ಲಿರುವ ಕಶಿವಾ ಒಂದು ಬಗೆಯ ಓಕ್. ಹೊಸ ಚಿಗುರು ಬರುವ ತನಕ ಹಳೆ ಎಲೆ ಉದುರಿಸದ ಮರ, ಅದಕ್ಕೇ ವಂಶ ಕಡಿಯದು ಎನ್ನುವುದರ ಗುರುತು. ಅದನ್ನು ಬರೆಯುವ ಅಕ್ಷರವೇ ಚೀನಾದಲ್ಲೂ ಒಂದು ಮನೆತನದ ಹೆಸರು. ಆದರೆ ಅಲ್ಲಿ ಅದರ ಅರ್ಥ ಸೈಪ್ರೆಸ್ ಮರ.

ಕೊನೆಗೆ ನಿಮ್ಮ ಪಟ್ಟಿಯ ಮೊದಲ ಹೆಸರು. ಪೋರ್ಚುಗೀಸ್ ಭಾಷೆಯಲ್ಲಿ ಕರ್ವಾಲೊ ಅಂದರೆ ಓಕ್ ಅಂತಲೇ ಅರ್ಥ. ಪಕ್ಕದಲ್ಲೇ ಇರುವ ಸ್ಪೇನಿನ ಗಲೀಸಿಯಾ ಪ್ರಾಂತ್ಯದಲ್ಲಿ ಕರ್ಬಾಲೊ. 1755ರ ಭೂಕಂಪದ ನಂತರ ಲಿಸ್ಬನ್ ನಗರವನ್ನು ಮತ್ತೆ ಕಟ್ಟಿಸಿದ ಪೊಂಬಾಲ್‌ನ ಮಾರ್ಕ್ವಿಸ್ ಹುಟ್ಟಿದ್ದು ಕರ್ವಾಲೊ ಮನೆತನದಲ್ಲಿ. ಹೆಸರು ಹಡಗು ಹತ್ತಿ ಬ್ರೆಜಿಲ್‌ಗೆ, ಆಫ್ರಿಕಾಕ್ಕೆ, ಗೋವಾಕ್ಕೆ ಹೋಯಿತು. ಗೋವಾದಲ್ಲಿ ಕ್ರೈಸ್ತರಾದವರಿಗೆ ದೀಕ್ಷಾಸ್ನಾನದ ಹೊತ್ತಿನಲ್ಲಿ ಪಾದ್ರಿಯ ಹೆಸರೋ, ಪೋಷಕನಾಗಿ ನಿಂತ ಪೋರ್ಚುಗೀಸನ ಹೆಸರೋ ಸಿಗುತ್ತಿತ್ತು. ಹಾಗಾಗಿ ಅಲ್ಲಿ ಪಕ್ಕಪಕ್ಕದ ಎರಡು ಕರ್ವಾಲೊ ಮನೆಗಳಿಗೂ ರಕ್ತಸಂಬಂಧ ಇರಬೇಕೆಂದಿಲ್ಲ. ಆ ಕರಾವಳಿಯಲ್ಲಿ ಪೋರ್ಚುಗಲ್‌ನ ಓಕ್ ಬೆಳೆಯುವುದೂ ಇಲ್ಲ. ನೆಂಟಸ್ತಿಕೆ ಹುಡುಕುವವರು ಹೆಸರನ್ನು ಬದಿಗಿಟ್ಟು, ಅವರವರ ಊರಿನ ಚರ್ಚಿನ ದೀಕ್ಷಾಸ್ನಾನದ ದಾಖಲೆ ಪುಸ್ತಕ ತೆಗೆದು ನೋಡಬೇಕು.